ಸಿಂಫನಿಯಲ್ಲಿ ನಮ್ಮದೇ ಸರ್ವಿಸ್: ನಾನು ಮಾಡಿದ ರೀತಿ

ಸಿಂಫನಿ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ ಕಟ್ಟಿದ ಒಂದು ಅಪ್ಲಿಕೇಶನ್‌ಗೆ ಎಸ್ಸೆಮ್ಮೆಸ್ ಕಳಿಸುವ ಸರ್ವಿಸ್, ಅಂದರೆ ಆ ಒಂದು ಕೆಲಸ ಮಾಡುವ ಕ್ಲಾಸ್, ಬೇಕಿತ್ತು. ಕ್ಲಾಸ್ ಬರೆಯುವುದು ಸುಲಭ. ಅದನ್ನು ಕಂಟೇನರ್‌ಗೆ (ಸರ್ವಿಸ್‌ಗಳನ್ನು ಸೃಷ್ಟಿಸಿ, ಕೇಳಿದವರಿಗೆ ಕೊಡುವ ಭಾಗ) ಸೇರಿಸಿ, ಬೇಕಾದ ಕಡೆ ಪಡೆಯುವುದರಲ್ಲೇ ತುಂಬಾ ಜನ ತಡವರಿಸುತ್ತಾರೆ.

ಸೇರಿಸಲು ನಾನು ಹೆಚ್ಚೇನೂ ಮಾಡಲಿಲ್ಲ. 2017ರಲ್ಲಿ ಬಂದ 3.3ನೇ ಆವೃತ್ತಿಯಿಂದ ಒಂದಿಡೀ ಫೋಲ್ಡರ್‌ನ ಕ್ಲಾಸ್‌ಗಳನ್ನು ಒಟ್ಟಿಗೇ ರಿಜಿಸ್ಟರ್ ಮಾಡಬಹುದು. ಹೊಸ ಪ್ರಾಜೆಕ್ಟ್‌ನ ಯಾಮಲ್ (YAML) ಸೆಟ್ಟಿಂಗ್ಸ್ ಫೈಲ್‌ನಲ್ಲಿ ಆ ಸಾಲುಗಳು ಮೊದಲೇ ಇರುತ್ತವೆ, ಆಟೋವೈರಿಂಗ್ (ಬೇಕಾದ ಸರ್ವಿಸ್‌ಗಳನ್ನು ಕಂಟೇನರ್ ತಾನಾಗಿ ಜೋಡಿಸುವುದು) ಕೂಡ ಆನ್ ಆಗಿರುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ಎಚ್‌ಟಿಟಿಪಿ ಕ್ಲೈಂಟ್‌ನ ಇಂಟರ್‌ಫೇಸ್ ಕೇಳಿದೆ, ಟೈಪ್ ನೋಡಿ ಕಂಟೇನರ್ ಕೊಟ್ಟಿತು.

ಎಸ್ಸೆಮ್ಮೆಸ್ ಕಳಿಸಲು ಬೇಕಾದ ಗುಪ್ತ ಸಂಕೇತ, ಅಂದರೆ ಎಪಿಐ ಕೀ ಮಾತ್ರ ಹಾಗಲ್ಲ. ಬರೀ ಸ್ಟ್ರಿಂಗ್ ಅಂದರೆ ಯಾವ ಸ್ಟ್ರಿಂಗ್ ಅಂತ ಕಂಟೇನರ್‌ಗೆ ಹೇಗೆ ಗೊತ್ತಾಗಬೇಕು? 6.1ರಿಂದ ಬಂದಿರುವ ಆಟೋವೈರ್ ಅಟ್ರಿಬ್ಯೂಟ್ ಹಾಕಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಹೆಸರು ಕೊಟ್ಟೆ. ಅದಕ್ಕಿಂತ ಹಳೆಯ ಆವೃತ್ತಿಯಾದರೆ ಯಾಮಲ್‌ನಲ್ಲೇ ಆರ್ಗ್ಯುಮೆಂಟ್ ಬರೆಯಬೇಕು.

ಈಗ ಪಡೆಯುವ ವಿಷಯ. ಇದರಲ್ಲಿ ನನ್ನದು ಸ್ವಲ್ಪ ಹಟವೇ. ಕಂಟೇನರ್‌ನ ‘ಗೆಟ್’ ಮೆಥಡ್ ಕರೆದು ಸರ್ವಿಸ್ ಎತ್ತಿಕೊಳ್ಳುವುದು ಹಳೆಯ ಅಭ್ಯಾಸ. ಸಿಂಫನಿ 4ರಿಂದ ಸರ್ವಿಸ್‌ಗಳು ಮೊದಲಿಂದಲೇ ಪ್ರೈವೇಟ್ (ಹೊರಗಿಂದ ನೇರವಾಗಿ ಎತ್ತಿಕೊಳ್ಳಲು ಸಿಗದವು), ಹಾಗಾಗಿ ‘ಗೆಟ್’ ಕರೆದರೆ ಎಕ್ಸೆಪ್ಶನ್ ಬರುತ್ತದೆ. ಕೂಡಲೇ ಅದನ್ನು ಪಬ್ಲಿಕ್ ಮಾಡಿಬಿಡೋಣ ಅನ್ನಿಸುತ್ತದೆ, ಅಲ್ವಾ? ನಾನು ಮಾಡುವುದಿಲ್ಲ. ಇಡೀ ಕಂಟೇನರನ್ನೇ ಕೈಯಲ್ಲಿ ಹಿಡಿದ ಕ್ಲಾಸ್‌ಗೆ ನಿಜವಾಗಿ ಏನು ಬೇಕು ಅಂತ ತಿಳಿಯಲು ಒಳಗಿನ ಪ್ರತಿ ಸಾಲನ್ನೂ ಓದಬೇಕಾಗುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿದರೆ ಮೇಲಿನ ನಾಲ್ಕು ಸಾಲಲ್ಲೇ ಎಲ್ಲ ಗೊತ್ತಾಗುತ್ತದೆ. ಏನಾದರೂ ಸಿಗದಿದ್ದರೆ ಕಂಟೇನರ್ ಕಂಪೈಲ್ ಆಗುವಾಗಲೇ ದೂರು ಬರುತ್ತದೆ, ಬಳಕೆದಾರ ಬಟನ್ ಒತ್ತುವವರೆಗೆ ಕಾಯಬೇಕಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಕಂಟ್ರೋಲರ್‌ಗಳು ಕ್ಲಾಸನ್ನು ನೇರವಾಗಿ ಕೇಳದೆ, ನಾನೇ ಬರೆದ ಪುಟ್ಟ ಇಂಟರ್‌ಫೇಸನ್ನು ಕೇಳುತ್ತವೆ. ಆಮೇಲೆ ಸಂದೇಶವನ್ನು ಸುಮ್ನೆ ಲಾಗ್‌ಗೆ ಬರೆಯುವ ಎರಡನೇ ಕ್ಲಾಸ್ ಬಂತು. ಎರಡರಲ್ಲಿ ಯಾವುದು ಅಂತ ಕಂಟೇನರ್ ತಾನಾಗಿ ಆರಿಸುವುದಿಲ್ಲ, ಈ ಇಂಟರ್‌ಫೇಸ್ ಕೇಳಿದರೆ ಈ ಕ್ಲಾಸ್ ಕೊಡು ಅಂತ ಏಲಿಯಾಸ್ ಬರೆದು ಹೇಳಬೇಕು. ನನ್ನ ಯಾಮಲ್‌ನಲ್ಲಿ ನಿಜವಾದ ಕಳಿಸುವ ಕ್ಲಾಸ್‌ಗೆ ಒಂದು ಏಲಿಯಾಸ್ ಇದೆ. ಡೆವಲಪ್‌ಮೆಂಟ್‌ನಲ್ಲಿ ಮಾತ್ರ ಲಾಗ್ ಬರೆಯುವ ಕ್ಲಾಸ್‌ಗೆ ಇನ್ನೊಂದು.

‘ಗೆಟ್’ ಕರೆಯುವುದು ಟೆಸ್ಟ್‌ಗಳಲ್ಲಿ ಮಾತ್ರ. ಟೆಸ್ಟ್ ಕಂಟೇನರ್ ಪ್ರೈವೇಟ್ ಸರ್ವಿಸನ್ನೂ ಕೊಡುತ್ತದೆ. ಆದರೆ ಯಾರೂ ಬಳಸದ ಸರ್ವಿಸನ್ನು ಸಿಂಫನಿ ಕಂಪೈಲ್ ಮಾಡುವಾಗಲೇ ತೆಗೆದುಹಾಕುತ್ತದೆ, ಅದು ಅಲ್ಲೂ ಸಿಗುವುದಿಲ್ಲ. ಹೊಸ ಸರ್ವಿಸ್‌ಗೆ ಮೊದಲು ಟೆಸ್ಟ್ ಬರೆಯುವವರು ಅದನ್ನು ಟೆಸ್ಟ್ ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ ಪಬ್ಲಿಕ್ ಮಾಡಿಕೊಂಡರೆ ಸಾಕು.