ಆರನೇ ಒಂದರ ಅಳತೆ: ಸಂಗ್ರಹದ ಗೊಂಬೆಗಳಿಗೆ ನಾನು ಉಡುಪು ಹೊಂದಿಸಿದ ಬಗೆ

ನನ್ನ ಸಂಗ್ರಹಕ್ಕೆ ಬಂದ ಮೊದಲ ಗೊಂಬೆ 1960ರ ದಶಕದ ಒಂದು ಬಾರ್ಬಿ. ಹಿಂದೆ ಯಾರೋ ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಮುಖದ ಬಣ್ಣವೂ ಕೂದಲೂ ಚೆನ್ನಾಗಿಯೇ ಉಳಿದಿದ್ದವು. ಮೈಮೇಲೆ ಮಾತ್ರ ಬಟ್ಟೆಯ ಒಂದು ಎಳೆಯೂ ಇರಲಿಲ್ಲ. ದೊಡ್ಡವರ ಬಟ್ಟೆಗಳನ್ನು ಎಷ್ಟೋ ವರ್ಷ ಹೊಲಿದು ಅಭ್ಯಾಸವಿದ್ದ ನನಗೆ, 29 ಸೆಂಟಿಮೀಟರ್ ಎತ್ತರದ ಗೊಂಬೆಗೆ ಒಂದು ಕೋಟು ಹೊಲಿಯುವುದು ಒಂದು ಸಂಜೆಯ ಕೆಲಸವೆನಿಸಿತು. ಕೈಗೆ ಸಿಕ್ಕ ಉಣ್ಣೆಯ ಬಟ್ಟೆಯ ತುಂಡಿನಲ್ಲಿ, ದೊಡ್ಡವರ ಕೋಟಿನ ಪೇಪರ್ ಕಟಿಂಗನ್ನೇ ಆರನೇ ಒಂದರಷ್ಟಕ್ಕೆ ಇಳಿಸಿ, ಲೈನಿಂಗು, ಕಾಲರು, ಜೇಬುಗಳ ಸಮೇತ ಹೊಲಿದೆ. ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಆದರೂ ತೊಡಿಸಿದಾಗ ಗೊಂಬೆಯ ತೋಳುಗಳೆರಡೂ ಪಕ್ಕಕ್ಕೆ ಚಾಚಿಕೊಂಡು ನಿಂತವು, ಕಾಲರು ಕುತ್ತಿಗೆಯನ್ನೇ ಮುಚ್ಚಿತು, ಮುಂಭಾಗದ ಎರಡು ಅಂಚುಗಳು ಒಂದರ ಮೇಲೊಂದು ಕೂರಲೇ ಇಲ್ಲ.

ಕಾರಣ ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು. ಉದ್ದ, ಅಗಲ, ತೋಳಿನ ಸುತ್ತಳತೆ ಎಲ್ಲವನ್ನೂ ನಾನು ಆರನೇ ಒಂದಕ್ಕೆ ಇಳಿಸಿದ್ದೆ. ಬಟ್ಟೆಯ ದಪ್ಪ ಮಾತ್ರ ಇದ್ದಷ್ಟೇ ಉಳಿದಿತ್ತು. ಈ ಅಳತೆಯ ಗೊಂಬೆಯ ಮೈಮೇಲೆ ಅರ್ಧ ಮಿಲಿಮೀಟರ್ ದಪ್ಪದ ಬಟ್ಟೆ, ನಮ್ಮ ಮೈಮೇಲೆ 3 ಮಿಲಿಮೀಟರ್ ದಪ್ಪದ ಬಟ್ಟೆ ಇದ್ದಂತೆ. ಹೊಲಿಗೆ ಬಂದ ಕಡೆಯಲ್ಲೆಲ್ಲ ಅದು ಎರಡು ಪದರವಾಗುತ್ತದೆ, ಮಡಿಸಿದ ಕಡೆ ನಾಲ್ಕಾಗುತ್ತದೆ, ಲೈನಿಂಗ್ ಸೇರಿದರೆ ಇನ್ನೂ ಹೆಚ್ಚುತ್ತದೆ. ಕಂಕುಳಿನಲ್ಲಿ ಇಷ್ಟು ಪದರಗಳು ಒಟ್ಟಾದ ಮೇಲೆ ತೋಳು ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಅಂದಿನಿಂದ ನಾನು ಯಾವ ಉಡುಪನ್ನು ಯೋಚಿಸಿದರೂ ಮೊದಲು ಕೇಳಿಕೊಳ್ಳುವುದು ಒಂದೇ: ಈ ಜಾಗದಲ್ಲಿ ಎಷ್ಟು ಪದರಗಳು ಬೀಳುತ್ತವೆ, ಅದರಲ್ಲಿ ಯಾವುದನ್ನು ತೆಗೆದುಹಾಕಬಹುದು?

1959ರಲ್ಲಿ ಮೊದಲ ಬಾರ್ಬಿಯನ್ನು ರೂಪಿಸಿದವರೂ ಇದೇ ಲೆಕ್ಕಕ್ಕೆ ತಲೆ ಕೊಡಬೇಕಾಯಿತು. ಗೊಂಬೆಯ ಸೊಂಟ ಅಷ್ಟು ಸಣ್ಣದಾಗಿರುವುದಕ್ಕೆ ಅವರು ಕೊಟ್ಟ ವಿವರಣೆಗಳಲ್ಲಿ, ಲಂಗದ ಪಟ್ಟಿಯ ಪದರಗಳು ಸೊಂಟದ ಸುತ್ತ ಸೇರಿದ ಮೇಲೆ ಆಕಾರ ಸರಿಯಾಗಿ ಕಾಣಬೇಕೆಂಬುದೂ ಒಂದು. ಆ ಕಾಲದ ಉಡುಪುಗಳನ್ನು ವಿನ್ಯಾಸಗೊಳಿಸಿದ ಷಾರ್ಲಟ್ ಜಾನ್ಸನ್ ಅದಕ್ಕಾಗಿ ಜಪಾನಿಗೆ ಹೋಗಿ ಕೆಲಸ ಮಾಡಿದರು. ಹೊಲಿಗೆ ನಡೆದದ್ದೂ ಅಲ್ಲೇ. ಆ ಉಡುಪುಗಳಲ್ಲಿ ಒಂದು ನನ್ನ ಕೈಗೆ ಬಂದಾಗ ಅದನ್ನು ಒಳಗು ಹೊರಗು ಮಾಡಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದೆ. ಕಿರಿದಾದ ಲೋಹದ ಜಿಪ್ಪು, ಕಣ್ಣಿಗೆ ಕಾಣದಷ್ಟು ಸಣ್ಣ ಕೈಹೊಲಿಗೆ, ತೆಳುವಾದ ಲೈನಿಂಗು, ಎಲ್ಲಿಯೂ ಅನಗತ್ಯವಾದ ಮಡಿಕೆಯಿಲ್ಲ. ಗೊಂಬೆಯ ಹೊಲಿಗೆಯಲ್ಲಿ ನನಗೆ ಗುರುವಾದದ್ದು ಆ ಒಂದು ಅಂಗಿಯೆಂದರೆ ಅತಿಶಯೋಕ್ತಿಯಲ್ಲ.

ಹಳೆಯ ಉಡುಪುಗಳನ್ನು ಹುಡುಕುವ ಬಗ್ಗೆ ಎರಡು ಮಾತು. 1960ರ ದಶಕದ ಬಾರ್ಬಿ ಉಡುಪುಗಳಲ್ಲಿ ಬಹುತೇಕ ಎಲ್ಲಕ್ಕೂ ಒಳಭಾಗದಲ್ಲಿ ಬಟ್ಟೆಯ ಪುಟ್ಟ ಲೇಬಲ್ ಹೊಲಿದಿರುತ್ತದೆ. ಅದನ್ನು ನೋಡದೆ, ಕೇವಲ ಚಿತ್ರದ ಹೋಲಿಕೆಯನ್ನು ನಂಬಿ ಕೊಳ್ಳಬಾರದು. ಅದೇ ಕಾಲದಲ್ಲಿ ಇತರ ತಯಾರಕರು ಇದೇ ಅಳತೆಗೆ ಉಡುಪು ಮಾಡಿ ಮಾರುತ್ತಿದ್ದರು. ಸಿಂಪ್ಲಿಸಿಟಿ, ಮೆಕಾಲ್ಸ್ ಮುಂತಾದ ಹೊಲಿಗೆ ಮಾದರಿಗಳ ಕಂಪನಿಗಳು ಗೊಂಬೆಯ ಉಡುಪುಗಳಿಗೂ ಕಾಗದದ ಮಾದರಿಗಳನ್ನು ಮುದ್ರಿಸುತ್ತಿದ್ದುದರಿಂದ ಮನೆಗಳಲ್ಲಿ ಹೊಲಿದವುಗಳೂ ಲೆಕ್ಕವಿಲ್ಲದಷ್ಟಿವೆ. ಸಂಗ್ರಾಹಕರಲ್ಲಿ ಹಲವರು ಇಂಥವನ್ನು ಬದಿಗಿಡುತ್ತಾರೆ. ನಾನು ಇಡುವುದಿಲ್ಲ. ಯಾರೋ ಒಬ್ಬರು ತಮ್ಮ ಮಗುವಿಗಾಗಿ ಮನೆಯ ಬಟ್ಟೆಯ ತುಂಡಿನಲ್ಲಿ ಹೊಲಿದ ಒಂದು ಲಂಗ, ಅದರ ಹೊಲಿಗೆ ಸೊಟ್ಟಗಿದ್ದರೂ, ಆ ಕಾಲದ ಗೊಂಬೆಗೆ ಕಾರ್ಖಾನೆಯ ಉಡುಪಿನಷ್ಟೇ ಸಹಜವಾಗಿ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊಸ ಗೊಂಬೆಗಳಿಗೆ ಸಿದ್ಧ ಉಡುಪು ಕೊಳ್ಳುವವರು ಎತ್ತರವೊಂದನ್ನೇ ನೋಡಿ ಮೋಸ ಹೋಗುತ್ತಾರೆ, ನಾನೂ ಹೋಗಿದ್ದೇನೆ. 2016ರಲ್ಲಿ ಬಾರ್ಬಿಗೆ ಎತ್ತರದ, ಗಿಡ್ಡ ಮತ್ತು ಮೈದುಂಬಿದ ಮೂರು ಹೊಸ ದೇಹಗಳು ಬಂದ ಮೇಲೆ, ಒಂದೇ ಹೆಸರಿನ ಗೊಂಬೆಗಳಲ್ಲೂ ಒಂದರ ಉಡುಪು ಇನ್ನೊಂದಕ್ಕೆ ಆಗುತ್ತದೆಂಬ ಭರವಸೆಯಿಲ್ಲ. ಬ್ಲೈತ್ ಗೊಂಬೆ ಎತ್ತರದಲ್ಲಿ ಬಾರ್ಬಿಗಿಂತ ಅಷ್ಟೇನೂ ಕಡಿಮೆಯಲ್ಲ, ಆದರೆ ಅದರ ದೊಡ್ಡ ತಲೆಯ ಕೆಳಗಿರುವುದು ಸಣ್ಣ ಮಗುವಿನಂಥ ಮೈ; ತಲೆಯ ಮೂಲಕ ಇಳಿಸುವ ಯಾವ ಅಂಗಿಯೂ ಅದಕ್ಕೆ ಆಗುವುದಿಲ್ಲ. ಬೆನ್ನು ಪೂರ್ತಿ ತೆರೆಯಬೇಕು. ಜೊತೆಗೆ, ಕಣ್ಣಿನ ಬಣ್ಣ ಬದಲಿಸುವ ಎಳೆದಾರ ಅದರ ತಲೆಯ ಹಿಂಭಾಗದಿಂದ ಹೊರಬರುವುದರಿಂದ ಎತ್ತರದ ಕಾಲರು ಅಲ್ಲಿ ಅಡ್ಡಿಯಾಗುತ್ತದೆ. ಹೀಗಾಗಿ ನಾನು ಪ್ರತಿ ಗೊಂಬೆಗೂ ಎದೆ, ಸೊಂಟ, ನಿತಂಬ, ತಲೆಯ ಸುತ್ತಳತೆ, ಬೆನ್ನಿನ ಉದ್ದ, ತೋಳಿನ ಉದ್ದ ಎಂದು ಆರು ಅಳತೆಗಳನ್ನು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅವನ್ನು ನೋಡದೆ ಈಗ ಯಾವುದನ್ನೂ ಕೊಳ್ಳುವುದಿಲ್ಲ.

ಬಟ್ಟೆಯ ಆಯ್ಕೆಗೆ ಬಂದರೆ, ಮಲ್, ವಾಯಿಲ್, ಕೇಂಬ್ರಿಕ್ ಎಂಬ ತೆಳುವಾದ ಹತ್ತಿಬಟ್ಟೆಗಳು ಮತ್ತು ಹಗುರವಾದ ರೇಷ್ಮೆ ಇವಿಷ್ಟೇ ನನ್ನ ಕೆಲಸದ ಬಹುಪಾಲನ್ನು ಪೂರೈಸಿವೆ. ಹೊಸ ಬಟ್ಟೆಗಿಂತ ಒಗೆದೊಗೆದು ಮೆತ್ತಗಾದ ಬಟ್ಟೆ ಹೆಚ್ಚು ಅನುಕೂಲ. ಹಳೆಯ ಕರವಸ್ತ್ರದಲ್ಲಿ ಈಗಾಗಲೇ ಸಣ್ಣದಾಗಿ ಮಡಿಸಿ ಹೊಲಿದ ಅಂಚು ಇರುವುದರಿಂದ ಅದನ್ನೇ ಲಂಗದ ಕೆಳಗಿನ ಅಂಚಾಗಿ ಬಳಸಿದರೆ ಕಷ್ಟದ ಒಂದು ಹೊಲಿಗೆ ತಪ್ಪುತ್ತದೆ. ತೆಳುವಾದ ಕಾಲುಚೀಲದಿಂದ ಒಳ್ಳೆಯ ಸ್ವೆಟರ್ ಆಗುತ್ತದೆ. ಚಿತ್ತಾರವಿರುವ ಬಟ್ಟೆಯನ್ನು ಆರಿಸುವಾಗ ಆರರಿಂದ ಗುಣಿಸಿ ನೋಡುತ್ತೇನೆ: 3 ಮಿಲಿಮೀಟರಿನ ಚೌಕುಳಿ ಗೊಂಬೆಯ ಮೈಮೇಲೆ 18 ಮಿಲಿಮೀಟರಿನದಾಗಿ ಕಾಣುತ್ತದೆ, ಅದು ಸರಿ, ಅಂಗೈಯಗಲದ ಹೂವಾದರೆ ಗೊಂಬೆಯನ್ನೇ ಮುಚ್ಚಿಬಿಡುತ್ತದೆ. ಗುಂಡಿಗಳಿಗೂ ಇದೇ ಲೆಕ್ಕ. ಸಾಮಾನ್ಯ ಅಂಗಿಯ 11 ಮಿಲಿಮೀಟರ್ ಗುಂಡಿ ಇಲ್ಲಿ ತಟ್ಟೆಯಂತಾಗುತ್ತದೆ. 4 ಮಿಲಿಮೀಟರಿನ ಗುಂಡಿ ಕೋಟಿಗೂ, 2 ಮಿಲಿಮೀಟರಿನ ಮಣಿ ಅಂಗಿಗೂ ಒಪ್ಪುತ್ತದೆ. ಅವು ಅಲಂಕಾರಕ್ಕೆ ಮಾತ್ರ. ನಿಜವಾಗಿ ಮುಚ್ಚುವ ಕೆಲಸವನ್ನು ಹಿಂಬದಿಯ ಸಣ್ಣ ಟಿಚ್ ಬಟನ್ ಮಾಡುತ್ತದೆ. ವೆಲ್ಕ್ರೋ ಬಳಸುವುದು ಸುಲಭ, ಆದರೆ ಅದರ ಒರಟು ಭಾಗ ಗೊಂಬೆಯ ಕೂದಲನ್ನು ಎಳೆದು ಹಾಳುಮಾಡುವುದರಿಂದ ನಾನು ಅದನ್ನು ಪೂರ್ತಿ ಬಿಟ್ಟಿದ್ದೇನೆ.

ದೊಡ್ಡವರ ಕಟಿಂಗನ್ನು ಚಿಕ್ಕದು ಮಾಡುವ ಕ್ರಮವನ್ನು ಕೈಬಿಟ್ಟು, ಗೊಂಬೆಯ ಮೈಯಿಂದಲೇ ಮಾದರಿ ತೆಗೆಯುವುದನ್ನು ಕಲಿತದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಮೊದಲು ಗೊಂಬೆಯ ಮೈಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುತ್ತೇನೆ. ಅದರ ಮೇಲೆ ಕಾಗದದ ಅಂಟುಪಟ್ಟಿಯ ಸಣ್ಣ ಸಣ್ಣ ತುಂಡುಗಳನ್ನು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ, ಎಲ್ಲಿಯೂ ಸುಕ್ಕಾಗದ ಹಾಗೆ ಅಂಟಿಸುತ್ತೇನೆ. ಆಮೇಲೆ ಮುಂಭಾಗದ ಮತ್ತು ಬೆನ್ನಿನ ನಡುಗೆರೆ, ಭುಜದ ಗೆರೆ, ಪಕ್ಕದ ಗೆರೆ, ಸೊಂಟದ ಗೆರೆ, ಕುತ್ತಿಗೆ ಮತ್ತು ಕಂಕುಳಿನ ಸುತ್ತುಗಳನ್ನು ಪೆನ್ಸಿಲಿನಿಂದ ಎಳೆದು, ಆ ಗೆರೆಗಳಗುಂಟ ಕತ್ತರಿಸಿ ತೆಗೆದರೆ ಗೊಂಬೆಯ ಸಿಪ್ಪೆಯಂಥ ತುಂಡುಗಳು ಸಿಗುತ್ತವೆ. ಅವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿದಾಗ ಎಲ್ಲಿ ಉಬ್ಬಿ ಸೀಳಬೇಕಾಗುತ್ತದೋ ಅಲ್ಲಿಯೇ ಡಾರ್ಟ್, ಅಂದರೆ ಬಟ್ಟೆ ಮೈಯ ಆಕಾರಕ್ಕೆ ಕೂರುವಂತೆ ಮಡಿಸಿ ಹೊಲಿಯುವ ಚೂಪು ಮಡಿಕೆ, ಬರಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಇದನ್ನೇ ಬಟ್ಟೆಯ ಮೇಲಿಟ್ಟು ಕತ್ತರಿಸಿ, ಬೆನ್ನು ಮುಚ್ಚಲಾಗದ ಅಂಗಿಯೊಂದನ್ನು ಪಡೆದೆ. ಈ ಮಾದರಿ ಮೈಗೆ ಅಂಟಿದ ಅಳತೆಯದು. ಬಟ್ಟೆಯ ದಪ್ಪಕ್ಕೆ, ತೊಡಿಸುವ ಅನುಕೂಲಕ್ಕೆ ಇನ್ನಷ್ಟು ಸೇರಿಸಬೇಕು. ಅಂಗಿಗೆ ಒಟ್ಟು ಸುತ್ತಳತೆಯಲ್ಲಿ 4 ಮಿಲಿಮೀಟರ್, ಅಂಗಿಯ ಮೇಲೆ ಹಾಕುವ ಜಾಕೆಟ್ಟಿಗೆ 8ರಿಂದ 10 ಮಿಲಿಮೀಟರ್ ಸಾಕೆಂದು ಹಲವು ಸಲ ಹೊಲಿದು ಬಿಚ್ಚಿದ ಮೇಲೆ ಕಂಡುಕೊಂಡೆ.

ಹೊಲಿಗೆಯ ವಿಷಯದಲ್ಲಿ ನಾನು ಮಾಡಿಕೊಂಡ ದೊಡ್ಡ ಬದಲಾವಣೆಯೆಂದರೆ, ಮೊದಲು ಹೊಲಿದು ಆಮೇಲೆ ಕತ್ತರಿಸುವುದು. ಹೆಬ್ಬೆರಳಿನಷ್ಟಿರುವ ಎರಡು ತುಂಡುಗಳನ್ನು ಕತ್ತರಿಸಿಟ್ಟುಕೊಂಡರೆ ಯಂತ್ರದ ಕೆಳಗೆ ಇಡುವಷ್ಟರಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ, ಸೂಜಿ ಇಳಿಯುವ ಕಿಂಡಿಯೊಳಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಲೈನಿಂಗ್ ಬಟ್ಟೆಯ ಮೇಲೆ ಮಾದರಿಯ ಗೆರೆಯನ್ನು ಎಳೆದು, ಮೇಲ್ಬಟ್ಟೆಯೊಂದಿಗೆ ಜೋಡಿಸಿ, ಕುತ್ತಿಗೆ, ಬೆನ್ನು ಮತ್ತು ತೋಳಿನ ಸುತ್ತನ್ನು ಹೊಲಿದ ಮೇಲೆಯೇ, 3 ಮಿಲಿಮೀಟರ್ ಅಂಚು ಬಿಟ್ಟು ಕತ್ತರಿಸುತ್ತೇನೆ. ತಿರುವುಗಳಲ್ಲಿ ಹೊಲಿಗೆಯವರೆಗೆ ಸಣ್ಣ ಕಚ್ಚು ಕೊಟ್ಟು, ತುದಿ ಮೊಂಡಾದ ಚಿಮಟದಿಂದ ಭುಜದ ಮೂಲಕ ಒಳಗು ಹೊರಗು ಮಾಡುತ್ತೇನೆ. ತೀರಾ ಸಣ್ಣದಾದ 60ನೇ ನಂಬರಿನ ಯಂತ್ರದ ಸೂಜಿ, ತೆಳುವಾದ ದಾರ, ಒಂದೂವರೆ ಮಿಲಿಮೀಟರ್ ಉದ್ದದ ಹೊಲಿಗೆ ಇವು ಮೂರೂ ಒಟ್ಟಿಗೆ ಇರಬೇಕು. ತೀರಾ ನವಿರಾದ ಬಟ್ಟೆಯ ಕೆಳಗೆ ತೆಳು ಕಾಗದವಿಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯುತ್ತೇನೆ. ತೋಳನ್ನು ಕೊಳವೆಯಂತೆ ಮಾಡಿ ಆಮೇಲೆ ಕೂರಿಸುವ ದೊಡ್ಡವರ ಕ್ರಮ ಇಲ್ಲಿ ಸಲ್ಲದು: ಭುಜ ಸೇರಿಸಿದ ಮೇಲೆ ಬಟ್ಟೆ ಚಪ್ಪಟೆಯಾಗಿರುವಾಗಲೇ ತೋಳನ್ನು ಜೋಡಿಸಿ, ಮಣಿಕಟ್ಟಿನ ಅಂಚನ್ನು ಮಡಿಸಿ, ಕೊನೆಗೆ ಮಣಿಕಟ್ಟಿನಿಂದ ಸೊಂಟದವರೆಗೆ ಒಂದೇ ಓಟದಲ್ಲಿ ಹೊಲಿಯಬೇಕು. ತೊಡಿಸುವಾಗ ಗೊಂಬೆಯ ಬೆರಳುಗಳು ತೋಳಿನೊಳಗೆ ಸಿಕ್ಕಿಕೊಳ್ಳದಂತೆ ಕೈಗೆ ಪ್ಲಾಸ್ಟಿಕ್ಕಿನ ಚೂರೊಂದನ್ನು ಸುತ್ತಿದರೆ ಸಲೀಸಾಗಿ ಜಾರುತ್ತದೆ.

ದಪ್ಪದ ಸಮಸ್ಯೆಯ ಬೆನ್ನಿಗೇ ಭಾರದ ಸಮಸ್ಯೆಯೂ ಇದೆ. ದೊಡ್ಡವರ ಲಂಗ ತನ್ನ ಭಾರದಿಂದಲೇ ಇಳಿಬೀಳುತ್ತದೆ; ಗೊಂಬೆಯ ಲಂಗಕ್ಕೆ ಆ ಭಾರವಿಲ್ಲದ್ದರಿಂದ ಅದು ಕೊಡೆಯಂತೆ ಬಿರಿದು ನಿಲ್ಲುತ್ತದೆ. ನೆರಿಗೆಯ ಬಟ್ಟೆಯನ್ನು ಸೊಂಟದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿಗೆ ಮಿತಿಗೊಳಿಸುವುದು, ಬಟ್ಟೆಯನ್ನು ಎಳೆಗೆ ಓರೆಯಾಗಿ ಕತ್ತರಿಸುವುದು, ಇವೆರಡರಿಂದ ಅರ್ಧ ಗೆದ್ದಂತೆ. ಉಳಿದರ್ಧಕ್ಕೆ ನೀರು ಬೇಕು. ಹೊಲಿದು ಮುಗಿಸಿದ ಲಂಗವನ್ನು ಗೊಂಬೆಗೆ ತೊಡಿಸದೆ, ಅದರಷ್ಟೇ ದಪ್ಪದ ಒಂದು ಸೀಸೆಗೆ ತೊಡಿಸಿ, ನೀರು ಚಿಮುಕಿಸಿ, ನೆರಿಗೆಗಳನ್ನು ಬೆರಳಿನಿಂದ ಒಂದೊಂದಾಗಿ ಕೂರಿಸಿ, ಮೇಲೆ ಬಟ್ಟೆಯ ಪಟ್ಟಿ ಸುತ್ತಿ ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಬೆಳಗ್ಗೆ ಪಟ್ಟಿಯನ್ನು ಬಿಚ್ಚಿದಾಗ ಲಂಗ ನಿಜವಾದ ಲಂಗದಂತೆ ಇಳಿದಿರುವುದನ್ನು ನೋಡುವ ಸಂತೋಷ ಇಷ್ಟು ವರ್ಷಗಳಾದರೂ ನನಗೆ ಕಡಿಮೆಯಾಗಿಲ್ಲ.

ಇನ್ನು ಬಣ್ಣದ ವಿಷಯ. ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ಕಡು ನೀಲಿ ಬಣ್ಣದ ಹತ್ತಿಯ ಉಡುಪೊಂದನ್ನು ನನ್ನ ಎರಡನೆಯ ಗೊಂಬೆಗೆ ತೊಡಿಸಿ ಕಪಾಟಿನಲ್ಲಿ ನಿಲ್ಲಿಸಿದ್ದೆ. ಕೆಲವು ತಿಂಗಳ ನಂತರ ತೆಗೆದಾಗ ಅದರ ತೊಡೆಯ ಮೇಲೆ ನೀಲಿ ಕಲೆ ಇಳಿದಿತ್ತು. ಗೊಂಬೆಯ ಮೈಯ ವಿನೈಲ್ ಎಂಬ ಮೆತ್ತನೆಯ ಪ್ಲಾಸ್ಟಿಕ್, ಬಟ್ಟೆಯ ಬಣ್ಣವನ್ನು ಹೀರಿಕೊಳ್ಳುತ್ತದೆ. ಕಲೆ ಮೇಲ್ಮೈಯಲ್ಲಿ ಕೂತಿರುವುದಿಲ್ಲ, ಒಳಗೆ ಇಳಿದಿರುತ್ತದೆ, ಆದ್ದರಿಂದ ಸೋಪು ಹಾಕಿ ತಿಕ್ಕಿದರೆ ಹೋಗುವುದಿಲ್ಲ. ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನು ಕಲೆಯ ಮೇಲೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿ ದಿನಗಟ್ಟಲೆ ಬಿಸಿಲಿನಲ್ಲಿಟ್ಟಾಗ ಕಲೆಯೇನೋ ಮಸುಕಾಯಿತು, ಆದರೆ ಅದರ ಜೊತೆಗೆ ಅಲ್ಲಿನ ಮೈಬಣ್ಣವೂ ಸ್ವಲ್ಪ ತಿಳಿಯಾಯಿತು. ಹಳೆಯ, ಅಪರೂಪದ ಗೊಂಬೆಗೆ ಈ ಉಪಾಯವನ್ನು ನಾನು ಯಾರಿಗೂ ಹೇಳಲಾರೆ.

ಅದಾದ ಮೇಲೆ, ಮುರಿದ ಗೊಂಬೆಯೊಂದರ ಕಾಲನ್ನು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ. ಹೊಸ ಬಟ್ಟೆ ಯಾವುದೇ ಇರಲಿ, ತೊಳೆದ ನೀರು ತಿಳಿಯಾಗುವವರೆಗೆ ಒಗೆದು, ಒದ್ದೆಯಾಗಿರುವಾಗ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಮಾಡಿ, ಆ ಬಿಳಿ ಬಟ್ಟೆಗೆ ಬಣ್ಣ ಹತ್ತದಿದ್ದರೆ ಮಾತ್ರ ಒಂದು ತುಂಡನ್ನು ಆ ಕಾಲಿಗೆ ಸುತ್ತಿ ಒಂದು ತಿಂಗಳು ಬಿಡುತ್ತೇನೆ. ಕೆಂಪು, ಕಪ್ಪು, ಕಡು ನೀಲಿ ಈ ಮೂರನ್ನು ಪರೀಕ್ಷೆ ದಾಟಿದರೂ ನಾನು ನಂಬುವುದಿಲ್ಲ. ಅವುಗಳ ಒಳಗೆ ಬಿಳಿಯ ಲೈನಿಂಗ್ ಕಡ್ಡಾಯ, ಮತ್ತು ಫೋಟೋ ತೆಗೆದಾದ ಮೇಲೆ ಉಡುಪನ್ನು ಬಿಚ್ಚಿಡುತ್ತೇನೆ. ಹಿತ್ತಾಳೆಯ ಹುಕ್ಕು, ಗುಂಡಿಗಳನ್ನೂ ಮೈಗೆ ತಾಗದಂತೆ ಹೊಲಿಯಬೇಕು. ಹಳೆಯ ಬಾರ್ಬಿಗಳ ಕಿವಿ ಹಸಿರಾಗುವುದಕ್ಕೆ ಓಲೆಯಲ್ಲಿದ್ದ ತಾಮ್ರದ ಅಂಶವೇ ಕಾರಣ.

ಆ ಮೊದಲ ಕೋಟನ್ನು ಮತ್ತೆ ಹೊಲಿದೆ. ಈ ಸಲ ಉಣ್ಣೆಯ ಬದಲು, ಉಣ್ಣೆಯಂತೆ ಕಾಣುವ ಮೆತ್ತನೆಯ ತೆಳು ಹತ್ತಿಬಟ್ಟೆ. ಜೇಬಿಗೆ ಚೀಲವಿಲ್ಲ, ಮೇಲಿನ ಪಟ್ಟಿ ಮಾತ್ರ. ಕಾಲರಿನ ಒಳಪದರ ತೆಳು ರೇಷ್ಮೆಯದು. ತೋಳಿಗೆ ಲೈನಿಂಗೇ ಇಲ್ಲ, ಕಂಕುಳಿನ ಅಂಚನ್ನು 2 ಮಿಲಿಮೀಟರಿಗೆ ಇಳಿಸಿ, ಎಳೆ ಬಿಚ್ಚದಂತೆ ಅಂಟಿನ ತೆಳು ಗೆರೆ ಎಳೆದೆ. ತೋಳುಗಳು ಮೈಗೆ ತಾಗಿ ಇಳಿದವು. ಗುರುವಿನಂತಿದ್ದ ಆ ಹಳೆಯ ಅಂಗಿಯನ್ನು ಮಾತ್ರ ಈಗ ಗೊಂಬೆಗೆ ತೊಡಿಸುವುದಿಲ್ಲ. ಅದರ ರೇಷ್ಮೆ ಲೈನಿಂಗ್ ಮಡಿಕೆಗಳಲ್ಲಿ ಸೀಳತೊಡಗಿದೆ. ರಿಪೇರಿ ಮಾಡಹೋದರೆ ಹಳೆಯ ಕೈಹೊಲಿಗೆಯನ್ನು ಬಿಚ್ಚಬೇಕಾಗುತ್ತದೆ, ಅದಕ್ಕೆ ಮನಸ್ಸು ಒಪ್ಪಲಿಲ್ಲ. ಅದರ ಪ್ರತಿ ಭಾಗದ ಅಳತೆ ತೆಗೆದು ಮಲ್ ಬಟ್ಟೆಯಲ್ಲಿ ಒಂದು ನಕಲನ್ನು ಹೊಲಿದಿದ್ದೇನೆ. ಗೊಂಬೆ ಆ ನಕಲನ್ನು ತೊಟ್ಟು ಕಪಾಟಿನಲ್ಲಿ ನಿಂತಿದೆ. ಮೂಲದ ಅಂಗಿ ಆಮ್ಲರಹಿತ ಕಾಗದದ ನಡುವೆ, ಮಡಿಸದೆ, ಲೇಬಲ್ ಮೇಲ್ಮುಖವಾಗಿ ಡಬ್ಬಿಯಲ್ಲಿ ಮಲಗಿದೆ.