ಕಾಗದದ ಕೈಗೆ ನಿಜದ ಕೊಡೆ: ಎರಡನೇ ಭಾಗ ಮಾಡಿದ ನನ್ನ ಅನುಭವ

ನಮ್ಮ ಮಕ್ಕಳ ಚಿತ್ರದಲ್ಲಿ ನಿಜದ ಮಕ್ಕಳ ಜೊತೆ ಓಡಾಡುವ, ಕೈಯಲ್ಲಿ ಬಿಡಿಸಿದ ಪಾತ್ರ ಗುಳುಂಕ. ಅವನ ಕೈಯಲ್ಲಿರುವ ಕೊಡೆ ಮಾತ್ರ ನಿಜದ ಕೊಡೆ. ಉಡುಪಿಯ ಅಂಗಡಿಯಲ್ಲಿ 300 ಚಿಲ್ಲರೆ ಕೊಟ್ಟು ತಂದದ್ದು. ಚಿತ್ರ ನೋಡಿದ ಅನಿಮೇಶನ್‌ನವರು ಮೊದಲು ಕೇಳುವುದೇ ಇದನ್ನು: "ಕೊಡೆಯ ತ್ರೀಡಿ ಯಾರು ಮಾಡಿದ್ದು ಮಾರಾಯ್ರೆ?" ಕಂಪ್ಯೂಟರಿನಲ್ಲಿ ಅದನ್ನು ಯಾರೂ ಮಾಡಿಲ್ಲ. ಕಾಗದದ ಮೇಲೆ ಹುಟ್ಟಿದವನು ಗುಳುಂಕ ಒಬ್ಬನೇ. ಅವನು ಎತ್ತುವ, ಬೀಳಿಸುವ, ತುಳಿಯುವ ವಸ್ತುಗಳೆಲ್ಲ ಕ್ಯಾಮೆರಾದ ಎದುರೇ ಅಲುಗಾಡಿದವು. ವಸ್ತು ಮೊದಲು, ಗುಳುಂಕ ಆಮೇಲೆ. ನಮ್ಮ ಮಕ್ಕಳ ಚಿತ್ರದ ಎರಡನೇ ಭಾಗ ನಿಂತದ್ದೇ ಈ ಕ್ರಮದ ಮೇಲೆ. ಶುರುವಿನಲ್ಲಿ ಇದಕ್ಕೆ ಹೂಂ ಅಂದವರು ಒಬ್ಬರೂ ಇಲ್ಲ.

ಮೊದಲ ಭಾಗದಲ್ಲಿ ಗುಳುಂಕ ತ್ರೀಡಿ ಇದ್ದ. ಸುಮಾರು 6 ನಿಮಿಷದ ಕೆಲಸಕ್ಕೆ ಹೊರಗಿನ ಒಂದು ಸ್ಟುಡಿಯೋ 12-13 ಲಕ್ಷ ತೆಗೆದುಕೊಂಡಿತು, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 3,500. ಅಷ್ಟು ಕೊಟ್ಟರೂ ಅವನ ಕಾಲು ನೆಲಕ್ಕೆ ತಾಗಲಿಲ್ಲ. ಜಗಲಿಯ ಮೇಲೆ ನಡೆದರೆ ತೇಲಿದ, ಮಗುವಿನ ಕೈ ಹಿಡಿದರೆ ಬೆರಳು ಒಳಗೆ ಹೊಕ್ಕಿತು. ತಿದ್ದಲು ಹೇಳಿದಾಗಲೆಲ್ಲ ಹೊಸ ಬಿಲ್ಲು. ಎರಡನೇ ಭಾಗದ ಕತೆಯಲ್ಲಿ ಗುಳುಂಕ ಇರುವುದು ಹೆಚ್ಚುಕಡಿಮೆ 22 ನಿಮಿಷ. ಅದೇ ದರಕ್ಕೆ ಲೆಕ್ಕ ಹಾಕಿದರೆ 46 ಲಕ್ಷ! ನನ್ನ ಹತ್ತಿರ ಇಡೀ ಚಿತ್ರಕ್ಕೆ ಇದ್ದದ್ದು 40.

ಕೈಯಲ್ಲೇ ಬಿಡಿಸ್ತೇನೆ ಅಂದೆ. "ಸರ್, ಈಗಿನ ಮಕ್ಕಳು ಅದನ್ನೆಲ್ಲಾ ನೋಡಲ್ಲ" ಅಂತ ಬೆಂಗಳೂರಿನಲ್ಲಿ ಒಬ್ಬರು ಅಲ್ಲೇ ಫೋನ್ ತೆಗೆದು ಬೇರೆ ಕೆಲಸ ನೋಡತೊಡಗಿದರು. ಊರಿನವರದ್ದು ಬೇರೆ ಪ್ರಶ್ನೆ: "ಅಷ್ಟು ಚಿತ್ರ ಬಿಡಿಸುವುದು ಯಾರು, ನೀನಾ?" ಅದು ನ್ಯಾಯವಾದ ಪ್ರಶ್ನೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಟೂಸ್‌ನಲ್ಲಿ, ಅಂದರೆ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿ ಹೋದರೆ ಸೆಕೆಂಡಿಗೆ 12 ಚಿತ್ರ, 22 ನಿಮಿಷಕ್ಕೆ 16,000ದ ಹತ್ತಿರ. ಕ್ಯಾಮೆರಾ ಅಲುಗಿದ ಕಡೆ ಟೂಸ್ ನಡೆಯುವುದಿಲ್ಲ. ಹಿನ್ನೆಲೆ 24ರಲ್ಲಿ ಸರಿಯುವಾಗ ಪಾತ್ರ 12ರಲ್ಲಿ ನಿಂತು ನಿಂತು ಜಾರುತ್ತದೆ. 1988ರ 'ಹೂ ಫ್ರೇಮ್ಡ್ ರೋಜರ್ ರ್ಯಾಬಿಟ್' ಚಿತ್ರದಲ್ಲಿ ಅನಿಮೇಟರ್ ರಿಚರ್ಡ್ ವಿಲಿಯಮ್ಸ್ ಒನ್ಸ್‌ಗೆ, ಅಂದರೆ ಫ್ರೇಮಿಗೊಂದು ಚಿತ್ರಕ್ಕೆ ಹೋದದ್ದು ಸುಮ್ಮನೆ ಅಲ್ಲ. ಹಾಗಾಗಿ ಗುಳುಂಕ ಇರುವ ಮುಕ್ಕಾಲು ಪಾಲು ಶಾಟ್‌ಗಳಿಗೆ ಟ್ರೈಪಾಡ್ ಅಲುಗಿಸಲೇ ಇಲ್ಲ. ಕ್ಯಾಮೆರಾದವನಿಗೆ ಬೇಜಾರು, ನಡೆಯುತ್ತ ಶೂಟ್ ಮಾಡುವಾಗ ಕ್ಯಾಮೆರಾ ನಡುಗದ ಹಾಗೆ ಹಿಡಿಯುವ ಹೊಸ ಗಿಂಬಲ್ ಹೆಚ್ಚಾಗಿ ಚೀಲದಲ್ಲೇ ಉಳಿಯಿತು. ಚಲಿಸುವ ಶಾಟ್‌ಗಳನ್ನೂ ಸೇರಿಸಿ ಕೊನೆಗೆ 19,000 ಚಿತ್ರ ಆಗಿರಬೇಕು. ಕೀ ಪೋಸ್, ಅಂದರೆ ಚಲನೆಯ ಮುಖ್ಯ ಭಂಗಿಗಳನ್ನೆಲ್ಲ ನಾನೇ ಬಿಡಿಸಿದೆ, ಅದಕ್ಕೆ ಸಂಬಳ ಇಲ್ಲ. ಅವುಗಳ ನಡುವಿನ ಚಿತ್ರ ಮತ್ತು ಗೆರೆ ಚೊಕ್ಕ ಮಾಡುವ ಕ್ಲೀನಪ್‌ಗೆ ಚಿತ್ರವೊಂದಕ್ಕೆ 40, ಬಣ್ಣಕ್ಕೆ 15. ಮಂಗಳೂರು, ಮಣಿಪಾಲದ ಏಳೆಂಟು ಹುಡುಗ ಹುಡುಗಿಯರು ಮನೆಯಲ್ಲೇ ಕೂತು ಮಾಡಿಕೊಟ್ಟರು. ಒಟ್ಟು ಹತ್ತೂವರೆ ಲಕ್ಷದ ಸುತ್ತಮುತ್ತ ಮುಗಿಯಿತು.

ಇನ್ನು ಕೊಡೆಯ ವಿಷಯ. ಉದ್ದದ ಬಿದಿರು, ಅದರ ತುದಿಗೆ ಅಡ್ಡಪಟ್ಟಿ, ಅಲ್ಲಿಂದ ಮೂರು ತಂಗೂಸಿ (ಮೀನು ಹಿಡಿಯುವ ನೈಲಾನ್ ದಾರ) ಇಳಿದು ಕೊಡೆಯ ತುದಿಗೆ ಮತ್ತು ಎರಡು ಕಡ್ಡಿಗೆ. ಮಲ್ಪೆಯಲ್ಲಿ ಮೀನಿನ ಬಲೆ ಸಾಮಾನಿನ ಅಂಗಡಿಗೆ ಹೋದರೆ ಎಲ್ಲ ದಪ್ಪದ್ದೂ ಸಿಗುತ್ತದೆ. 0.40 ಮಿಲಿಮೀಟರಿನದ್ದು ಕಾಣುತ್ತದೆ, 0.25 ಸಾಕು. ಆದರೆ ಮಳೆಯಲ್ಲಿ ತಂಗೂಸಿಗೆ ಹನಿ ಕೂತು ಸಾಲಾಗಿ ಹೊಳೆಯಿತು. ಅದಕ್ಕೆ ಏನು ಸವರಿದೆ ಅನ್ನುವುದನ್ನು ಮೂರನೇ ಭಾಗ ಮುಗಿಯುವವರೆಗೆ ಹೇಳುವುದಿಲ್ಲ. ಅಡುಗೆಮನೆಯಲ್ಲೇ ಇರುವ ವಸ್ತು, ಅಷ್ಟು ಸಾಕು.

ಮೊದಲು ನಮ್ಮ ಹುಡುಗರೇ ಎಳೆದರು. ಕೊಡೆ ಗಾಳಿಪಟದ ಹಾಗೆ ಕುಣಿಯಿತೇ ಹೊರತು ಯಾರೋ ಹಿಡಿದಿದ್ದಾರೆ ಅನ್ನಿಸಲಿಲ್ಲ. ಆಮೇಲೆ ಕುಂದಾಪುರದ ಕಡೆಯಿಂದ ಸೂತ್ರದ ಬೊಂಬೆ ಆಡಿಸಿ ಕೈ ಪಳಗಿದ ಒಬ್ಬರನ್ನು ಕರೆಸಿದೆ. ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಯಾಟ ನೋಡಿದವರಿಗೆ ಗೊತ್ತು, ಆ ಬೊಂಬೆಗಳು ಕಾಲನ್ನು ನೆಲಕ್ಕೆ ಊರಿಯೇ ಹೆಜ್ಜೆ ಹಾಕುತ್ತವೆ. ಇವರು ಬಂದು ಬಿದಿರು ಕೈಗೆ ತೆಗೆದುಕೊಂಡು, "ಎಳೆದು ಎಂತ ಮಾಡ್ತೀರಿ, ಬಿಡ್ಲಿಕ್ಕೆ ಕಲೀರಿ" ಅಂದರು. ಎತ್ತುವಾಗ ಬೇಗ, ಇಳಿಸುವಾಗ ಒಂದು ಗಳಿಗೆ ತಡ. ಅದರಲ್ಲೇ ಕೊಡೆಗೆ ತೂಕ ಬಂತು. ನಾನು ಆ ಶಾಟನ್ನು ಮೇಜಿನ ಮೇಲೆ ಫ್ರೇಮ್ ಫ್ರೇಮ್ ಇಟ್ಟು, ಕೊಡೆ ಎಲ್ಲಿ ತಡೆಯಿತೋ ಅಲ್ಲಿ ಗುಳುಂಕನ ಭುಜ ಬಗ್ಗಿಸಿದೆ. ಅವನ ನಟನೆ ಅರ್ಧ ಅವರದ್ದೇ. ಒಂದು ಎಚ್ಚರ: ಕೊಡೆಯ ಹಿಡಿ ಪೂರ್ತಿ ಮುಚ್ಚುವ ಹಾಗೆ ಮುಷ್ಟಿಯ ಚಿತ್ರ ಬರೆಯಿರಿ. ಹಿಡಿಯ ಹಿಂದೆ ಬೆರಳು ಇಣುಕಿದರೆ ಪ್ರತಿ ಫ್ರೇಮಿಗೂ ರೋಟೋ ಮಾಡಬೇಕು, ಅಂದರೆ ಹಿಡಿಯ ಅಂಚನ್ನು ಕೈಯಲ್ಲೇ ಗೆರೆ ಎಳೆದು ಬೇರ್ಪಡಿಸಬೇಕು, ನನಗೆ ಆ ದುಡ್ಡು ಇರಲಿಲ್ಲ.

ಕಾಲಿಗೂ ಅದೇ ಉಪಾಯ. ಅಂಗಳದ ನೀರಿಗೆ ಗುಳುಂಕ ಹಾರುವ ದೃಶ್ಯದಲ್ಲಿ, ಹೊಂಡದ ತಳದಲ್ಲಿ ಒಂದು ಹಲಗೆ, ಅದಕ್ಕೆ ತಂಗೂಸಿ, ಫ್ರೇಮಿನ ಹೊರಗಿನಿಂದ ಒಂದೇ ಜಗ್ಗು. ನೀರು ಮೇಲಕ್ಕೆ ಹಾರಿದ ಮೊದಲ ಫ್ರೇಮನ್ನು ಗುರುತು ಹಾಕಿ, ಪಾದ ಅದಕ್ಕಿಂತ ಒಂದು ಫ್ರೇಮ್ ಮೊದಲೇ ತಾಗುವ ಹಾಗೆ ಬಿಡಿಸಿದೆ. ಸರಿಯಾಗಿ ಅದೇ ಫ್ರೇಮಿನಲ್ಲಿ ತಾಗಿಸಿದರೆ ಯಾಕೋ ತಡವಾದ ಹಾಗೆ ಕಾಣುತ್ತದೆ, ನೀವೇ ಮಾಡಿ ನೋಡಿ. ಕೆಸರಿನ ಹೆಜ್ಜೆಗೆ ಹಳೆಯ ಟಯರ್ ಕತ್ತರಿಸಿ ಮೂರು ಬೆರಳಿನ ಅಚ್ಚು ಮಾಡಿಸಿದ್ದೆ.

ತಂಗೂಸಿ ಅಳಿಸಿದ ಜಾಗವನ್ನು ತುಂಬಲಿಕ್ಕೆ ಖಾಲಿ ಪ್ಲೇಟ್, ಅಂದರೆ ಯಾರೂ ಇಲ್ಲದ ಅದೇ ಶಾಟ್ ತೆಗೆಯುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಅದನ್ನು ಟೇಕ್‌ನ ಮೊದಲೇ ತೆಗೆಯಬೇಕು, ಆಮೇಲೆ ಅಂತ ಕಾದರೆ ಮೋಡ ಬದಲಾಗಿರುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಇದು.

ಮಕ್ಕಳನ್ನು ಹಿನ್ನೆಲೆಯಿಂದ ಬೇರ್ಪಡಿಸಲಿಕ್ಕೆ ಹಿಂದೆ ಹಸಿರು ಬಟ್ಟೆಯ ಗ್ರೀನ್ ಸ್ಕ್ರೀನ್ ಕಟ್ಟಿ ಅಂತ ಸಲಹೆ ಕೊಟ್ಟವರು ಜುಲೈಯಲ್ಲಿ ಒಮ್ಮೆ ಉಡುಪಿಗೆ ಬರಬೇಕು. ಗದ್ದೆ, ತೋಟ, ಪಾಚಿ ಹಿಡಿದ ಗೋಡೆ, ಎಲ್ಲ ಹಸಿರು. ಹಸಿರಿನ ಬೆಳಕು ಮಕ್ಕಳ ಕೆನ್ನೆಗೂ ಬಿದ್ದಿರುತ್ತದೆ. ನೀಲಿ ಬಟ್ಟೆ ಕಟ್ಟಿದೆ, ಗಾಳಿಗೆ ಕಂಬದ ಸಮೇತ ಹೋಯಿತು. ಆಗಲೇ ತಲೆಗೆ ಸೋಡಿಯಂ ದೀಪದ ಹುಚ್ಚು ಹತ್ತಿತು. 1964ರ 'ಮೇರಿ ಪಾಪಿನ್ಸ್'ನಲ್ಲಿ ಡಿಸ್ನಿಯವರು ನಟರ ಪಕ್ಕ ಚಿತ್ರದ ಪೆಂಗ್ವಿನ್ ಕುಣಿಸಿದ್ದು ಹಳದಿ ಸೋಡಿಯಂ ಬೆಳಕಿನ ಪರದೆಯ ಎದುರು. ಆ ಬೆಳಕು 589 ನ್ಯಾನೋಮೀಟರಿನ ಸುತ್ತಮುತ್ತ ಮಾತ್ರ ಇರುವುದರಿಂದ, ಕ್ಯಾಮೆರಾದೊಳಗಿನ ಪ್ರಿಸಮ್ಮು ಅದನ್ನೊಂದನ್ನೇ ಬೇರೆ ಫಿಲ್ಮಿಗೆ ತಿರುಗಿಸುತ್ತಿತ್ತು. ಬೀದಿದೀಪಗಳೆಲ್ಲ ಎಲ್‌ಇಡಿ ಆದ ಮೇಲೆ ಮಂಗಳೂರು ಬಂದರಿನ ಗುಜರಿಯಲ್ಲಿ ಹಳದಿ ಬಲ್ಬುಗಳು ಸಿಕ್ಕವು. ಚೋಕ್ ಸಮೇತ 6,000 ರೂಪಾಯಿ. ಉರಿಸಿ ನೋಡಿದರೆ ಗೋಡೆಯೂ ಹಳದಿ, ಹುಡುಗಿಯ ಮುಖವೂ ಹಳದಿ, ಬೇರೆ ಮಾಡಲಿಕ್ಕೆ ಎಂತದೂ ಇಲ್ಲ. ಬೀದಿಯಲ್ಲಿದ್ದದ್ದು ಹೈ ಪ್ರೆಶರ್ ಸೋಡಿಯಂ, ಅದರಲ್ಲಿ ಉಳಿದ ಬಣ್ಣಗಳೂ ಹರಡಿರುತ್ತವೆ. ಬೇಕಾದದ್ದು ಲೋ ಪ್ರೆಶರ್. ಅದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆ ಬಲ್ಬು ಈಗ ನಮ್ಮ ಮನೆಯ ದನದ ಹಟ್ಟಿಯಲ್ಲಿ ಉರಿಯುತ್ತಿದೆ.

ಎದುರಿಗೆ ಇಲ್ಲದ ಗುಳುಂಕನನ್ನು ನೋಡಬೇಕಾದ ಮಕ್ಕಳ ಕಣ್ಣಿನ ದಿಕ್ಕು ಇದಕ್ಕಿಂತ ದೊಡ್ಡ ತಲೆನೋವು. ಕೋಲಿಗೆ ಟೆನಿಸ್ ಚೆಂಡು ಕಟ್ಟಿ ತೋರಿಸಿದರೆ ಮಕ್ಕಳು ಚೆಂಡನ್ನು ನೋಡಿದ ಹಾಗೆಯೇ ನೋಡುತ್ತಾರೆ, ಗೆಳೆಯನನ್ನು ನೋಡಿದ ಹಾಗೆ ಅಲ್ಲ. ಮೊದಲ ಭಾಗದಲ್ಲಿ ಅದು ಎದ್ದು ಕಾಣುತ್ತದೆ. ಈ ಸಲ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ ಒಬ್ಬ ಹಾಸ್ಯಗಾರರನ್ನು ಹಿಡಿದೆ. ಮಳೆಗಾಲದಲ್ಲಿ ಅವರಿಗೆ ಬಿಡುವು, ನಮಗೆ ಶೂಟಿಂಗ್. ರಿಹರ್ಸಲ್‌ನಲ್ಲಿ ಅವರೇ ಗುಳುಂಕನ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಾಯಿಗೆ ಬಂದ ಮಾತು ಆಡಿ ಮಕ್ಕಳನ್ನು ನಗಿಸುವುದು. ಟೇಕ್‌ಗೆ ಅವರು ಎದ್ದು ಹೋಗಿ, ಅದೇ ಜಾಗದ ಹಿಂದೆ ಅಡಗಿಸಿಟ್ಟ ಸಣ್ಣ ಸ್ಪೀಕರಿನಿಂದ ಮಾತು ಮುಂದುವರಿಸುವುದು. ಎರಡು ದಿನ ಕಳೆಯುವಷ್ಟರಲ್ಲಿ ನಟಿಸುತ್ತಿದ್ದ ಸಣ್ಣ ಹುಡುಗಿ "ಮಾಮ, ನೀವು ಅವನ ಮೇಲೆ ಕೂತಿದ್ದೀರಿ, ಏಳಿ" ಅಂತ ಅವರನ್ನೇ ಎಬ್ಬಿಸಿದಳು. ಅವಳ ಕಣ್ಣಿನ ಬಗ್ಗೆ ನಾನು ಮತ್ತೆ ತಲೆಬಿಸಿ ಮಾಡಲಿಲ್ಲ.

ಎರಡನೇ ಭಾಗ ಮಾಡುವವರಿಗೆ ಒಂದು ಮಾತು: ಮಕ್ಕಳು ಕಾಯುವುದಿಲ್ಲ, ಬೆಳೆಯುತ್ತಾರೆ. ಮೊದಲ ಭಾಗದಲ್ಲಿ 9ರ ಹುಡುಗ ಈಗ 13ರವನು, ಗುಳುಂಕನಿಗಿಂತ ಒಂದು ಮೊಳ ಎತ್ತರ. ಬೇರೆ ಹುಡುಗನನ್ನು ಹಾಕಿ ಅಂದರು. ನಾನು ಅದನ್ನೇ ಕತೆ ಮಾಡಿಕೊಂಡೆ. ಗುಳುಂಕ "ನೀನು ಯಾಕೆ ನನ್ನನ್ನು ಬಿಟ್ಟು ದೊಡ್ಡವನಾದ್ದು?" ಅಂತ ಜಗಳ ತೆಗೆಯುತ್ತಾನೆ, ಚಿತ್ರ ಅಲ್ಲಿಂದಲೇ ಶುರು. ಆದರೆ ಶೂಟಿಂಗ್ ನಡುವೆ ಹುಡುಗನ ಸ್ವರ ಒಡೆಯಿತು, ಡಬ್ಬಿಂಗ್‌ಗೆ ಅವನ ಚಿಕ್ಕಮ್ಮನ ಮಗನನ್ನು ಕರೆಯಬೇಕಾಯಿತು. ಯಾರೂ ಕಂಡುಹಿಡಿದಿಲ್ಲ.

ಕಾನೂನಿನ ಕಡೆಗೂ ಗಮನ ಇರಲಿ. ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಮಕ್ಕಳನ್ನು ಕ್ಯಾಮೆರಾ ಎದುರು ನಿಲ್ಲಿಸಬೇಡಿ. ದಿನಕ್ಕೆ 5 ಗಂಟೆ ಮೀರಬಾರದು, 3 ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, ಅವರ ಸಂಭಾವನೆಯಲ್ಲಿ ಕಡಿಮೆಯೆಂದರೆ 20% ಅವರ ಹೆಸರಿಗೆ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಈ 5 ಗಂಟೆಯಲ್ಲಿ ಲೈಟಿಂಗ್ ಮಾಡುತ್ತ ಕೂತರೆ ಶಾಟ್ ಆಗುವುದಿಲ್ಲ. ನಾವು ಮಕ್ಕಳಷ್ಟೇ ಎತ್ತರದ ಎರಡು ಬಾಳೆದಿಂಡಿಗೆ ಅಂಗಿ ತೊಡಿಸಿ ಬೆಳಕು ಹೊಂದಿಸಿಕೊಂಡೆವು.

ಜಾಗದ ಬೆಳಕನ್ನು ದಾಖಲಿಸಿ ಗುಳುಂಕನ ಮೈಗೂ ಅದೇ ಹಾಕಲಿಕ್ಕೆ ಬೂದು ಬಣ್ಣ ಬಳಿದ ಪ್ಲಾಸ್ಟಿಕ್ ಚೆಂಡು ಮತ್ತು ಕನ್ನಡಿಯ ಹಾಗೆ ಹೊಳೆಯುವ ಕ್ರೋಮ್ ಚೆಂಡಿನ ಬದಲು ಉಜ್ಜಿದ ಸ್ಟೀಲ್ ಚೆಂಬು. ಪ್ರತಿ ಶಾಟ್‌ಗೂ ಗುಳುಂಕನ ಜಾಗದಲ್ಲಿ ಹಿಡಿದು ಹತ್ತು ಸೆಕೆಂಡ್. ಚೆಂಬಿನ ತಳದಲ್ಲಿ ಬಾಗಿಲು ಎಲ್ಲಿದೆ, ಆಕಾಶ ಎಷ್ಟು ಕಾಣುತ್ತದೆ, ಎಲ್ಲ ಗೊತ್ತಾಗುತ್ತದೆ. ಹಂಚಿನ ಮನೆಯ ಒಳಗೆ, ಗಾಜಿನ ಹಂಚಿನಿಂದ ಇಳಿಯುವ ಬಿಸಿಲುಕೋಲನ್ನು ಗುಳುಂಕ ದಾಟುವ ಒಂದು ಶಾಟ್ ಉಂಟು. ಅದರಲ್ಲಿ ಮೈಬಣ್ಣ, ನೆರಳು, ಅಂಚಿನ ಬೆಳಕು, ಬಿಸಿಲುಪಟ್ಟಿ ಎಲ್ಲ ಬೇರೆ ಬೇರೆ ಪದರ. 7 ಸೆಕೆಂಡಿನ ಶಾಟಿಗೆ ಹತ್ತಿರ ಒಂದು ತಿಂಗಳು ಹೋಯಿತು. ಯಾರಾದರೂ ಈ ಚಿತ್ರದಿಂದ ಒಂದೇ ಶಾಟ್ ತೋರಿಸು ಅಂದರೆ ಅದನ್ನೇ ತೋರಿಸುತ್ತೇನೆ. ನೆರಳಿನ ಪದರಕ್ಕೆ ಕಪ್ಪು ಹಾಕಬೇಡಿ. ನಾನು ಹಾಕಿದ ಬಣ್ಣ ಯಾವುದು ಅಂತ ಕೇಳಲೂಬೇಡಿ.

ಕಾಗದ ನಮ್ಮನ್ನು ಕಾಡಿದಷ್ಟು ಯಾವುದೂ ಕಾಡಲಿಲ್ಲ. ಬಿಡಿಸುವ ಕಾಗದಗಳನ್ನು ಒಂದರ ಮೇಲೊಂದು ಅಲುಗದ ಹಾಗೆ ಕೂರಿಸುವ ಗೂಟದ ಪಟ್ಟಿ, ಅಂದರೆ ಪೆಗ್ ಬಾರ್ ತರಿಸುವ ಬದಲು ಆಫೀಸಿನ ಎರಡು ತೂತಿನ ಪಂಚ್‌ಗೆ ಸರಿಯಾಗಿ ಬೈಕಂಪಾಡಿಯ ಲೇತ್ ಅಂಗಡಿಯಲ್ಲಿ ಸ್ಟೀಲ್ ಗೂಟ ಮಾಡಿಸಿದೆ, ಒಂದಕ್ಕೆ 150. ಬೇಸಗೆಯಲ್ಲಿ ಚಿನ್ನ. ಜೂನ್ ಬಂತು, ಕಾಗದ ತೇವ ಹೀರಿ ಹಿಗ್ಗಿತು. ಬೆಳಿಗ್ಗೆ ಬಿಡಿಸಿದ ಚಿತ್ರ ಸಂಜೆಯದ್ದಕ್ಕೆ ಕೂರುವುದಿಲ್ಲ, ಪರದೆಯಲ್ಲಿ ಗುಳುಂಕನಿಗೆ ಚಳಿಜ್ವರ. ಅನಿಮೇಶನ್ ಸಾಫ್ಟ್‌ವೇರ್ ಓಪನ್‌ಟೂನ್ಝ್ ಸ್ಕ್ಯಾನ್ ಮಾಡಿದ ಕಾಗದದ ತೂತುಗಳನ್ನು ನೋಡಿ ಜಾಗ ಸರಿಮಾಡುತ್ತದೆ, ಹಿಗ್ಗಿದ್ದನ್ನು ಕುಗ್ಗಿಸಿ ಕೊಡುವುದಿಲ್ಲ. ಸಾವಿರದ ಮೇಲೆ ಚಿತ್ರ ಬೂಸ್ಟು ಹಿಡಿದು ಒಲೆಗೆ ಹೋದವು, 40-50 ಸಾವಿರ ನಷ್ಟ. ಆಮೇಲೆ ಬಾಗಿಲು ಮುಚ್ಚಿದ ಕೋಣೆ, ತೇವ ಹೀರುವ ಯಂತ್ರ, ಬಿಡಿಸಿದ ದಿನವೇ ಸ್ಕ್ಯಾನ್. ಕ್ಯಾಮೆರಾ ಚಲಿಸುವ ಶಾಟ್‌ಗಳಿಗೆ ಕಾಗದ ಬಿಟ್ಟು, ಬ್ಲೆಂಡರ್ ಅನ್ನುವ ಸಾಫ್ಟ್‌ವೇರಿನಲ್ಲಿ ಚಿತ್ರ ಬಿಡಿಸುವ ಸಾಧನ ಗ್ರೀಸ್ ಪೆನ್ಸಿಲ್‌ಗೆ ಹೋದೆ.

ಆ ಶಾಟ್‌ಗಳಲ್ಲಿ ಹೆಚ್ಚಿನವು ಮಲ್ಪೆಯಾಚೆಯ ತೋನ್ಸೆಪಾರಿನವು, ಜನ ಸೇಂಟ್ ಮೇರೀಸ್ ಅನ್ನುವ ದ್ವೀಪ. ಮಳೆಗಾಲದಲ್ಲಿ ದೋಣಿ ಇಲ್ಲ, ಹಾಗಾಗಿ ಅದನ್ನು ಮಳೆಗೆ ಮೊದಲೇ ಮುಗಿಸಿದ್ದೆವು. ಅಲ್ಲಿಯ ಲಾವಾ ಕಲ್ಲಿನ ಕಂಬಗಳು ಮೂಲೆ ಮೂಲೆಯಾಗಿ ಒಡೆದು ನಿಂತಿವೆ. ಕ್ಯಾಮೆರಾ ಹೇಗೆ ಸರಿಯಿತು ಅಂತ ಸಾಫ್ಟ್‌ವೇರ್ ಗುರುತುಗಳನ್ನು ಹಿಂಬಾಲಿಸಿ ಲೆಕ್ಕ ಹಾಕುವ ಟ್ರ್ಯಾಕಿಂಗ್‌ಗೆ ಟೇಪು ಅಂಟಿಸುವ ಕೆಲಸವೇ ಇಲ್ಲ, ಕಲ್ಲಿನ ಮೂಲೆಯೇ ಗುರುತು. ಬ್ಲೆಂಡರಿಗೆ ಕಡಿಮೆಯೆಂದರೆ 8 ಪಾಯಿಂಟ್ ಬೇಕು, ನಮಗೆ ಒಂದೊಂದು ಫ್ರೇಮಿನಲ್ಲಿ ಮೂವತ್ತು ನಲವತ್ತು ಸಿಕ್ಕವು. ಅಲೆಯ ನೊರೆಯ ಮೇಲೆ ಬಿದ್ದ ಪಾಯಿಂಟುಗಳನ್ನು ಮಾತ್ರ ಕೈಯಾರೆ ಅಳಿಸಿ, ಇಲ್ಲದಿದ್ದರೆ ದ್ವೀಪವೇ ತೇಲಿಹೋಗುತ್ತದೆ.

ಚಿತ್ರ ಕೊನೆಗೆ 38-39 ಲಕ್ಷದಲ್ಲಿ ಮುಗಿಯಿತು. ಥಿಯೇಟರಿಗೆ ಹೋಗಲಿಲ್ಲ, ಬಾಡಿಗೆ ಕೊಟ್ಟು ಖಾಲಿ ಕುರ್ಚಿಗೆ ತೋರಿಸುವುದು ಮೊದಲ ಭಾಗಕ್ಕೇ ಸಾಕಾಗಿತ್ತು. ಪ್ರೊಜೆಕ್ಟರ್, ಎರಡು ಸ್ಪೀಕರ್, ಕಪ್ಪು ಪರದೆ ವ್ಯಾನಿಗೆ ಹಾಕಿ ಶಾಲೆಗಳ ಸಭಾಭವನಕ್ಕೆ ಹೋಗುತ್ತೇವೆ, ಮಗುವಿಗೆ 50 ರೂಪಾಯಿ. ಬೈಂದೂರಿನಿಂದ ಸುಳ್ಯದವರೆಗೆ ಸುತ್ತಿ, ಹಾಕಿದ ದುಡ್ಡಿನಲ್ಲಿ ಮುಕ್ಕಾಲು ವಾಪಸ್ ಬಂದಿದೆ. ಸಬ್ಸಿಡಿ ಅರ್ಜಿ ಹಾಕಿದ್ದೇನೆ, ಬಂದರೆ ಹುಡುಗರಿಗೆ ಚಿತ್ರಕ್ಕೆ 40 ಇದ್ದದ್ದನ್ನು 60 ಮಾಡಬೇಕು ಅಂತ ಉಂಟು. ಕಾಗದ ಈ ಸಲ ನವೆಂಬರಿನಲ್ಲೇ ಕೊಂಡಿಟ್ಟಿದ್ದೇನೆ.