ಐಸ್ ಇಲ್ಲದೆ ಸ್ಟೂಲ್ ಸ್ಯಾಂಪಲ್ ತಂದದ್ದು: ನನ್ನ ಅನುಭವ

ಬೆಂಗಳೂರಿನ ಬೇರೆ ಬೇರೆ ಜನರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಎಂದು ಅವರ ಮಲದಲ್ಲಿರುವ ಡಿಎನ್ಎಯಿಂದ ನೋಡುವುದು ನನ್ನ ಕೆಲಸ. ಹೋದ ತಿಂಗಳು ಕೊನೆಯ ಬ್ಯಾಚಿನ ರೀಡ್ಸ್ (ಸೀಕ್ವೆನ್ಸಿಂಗ್ ಯಂತ್ರ ಓದಿಕೊಟ್ಟ ಡಿಎನ್ಎ ತುಣುಕುಗಳು) ಬಂದವು. ಕಳಿಸಿದ 118 ಟ್ಯೂಬ್‌ಗಳಲ್ಲಿ 111 ಓದಲು ಸಿಕ್ಕಿವೆ. ಒಂದಕ್ಕೂ ಐಸ್ ಸೋಕಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ, ಆಟೋದಲ್ಲಿ, ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಬಂದವು ಇವೆಲ್ಲ. "ಐಸ್ ಇಲ್ಲದೆ ತಂದರೆ ಕೊಳೆತದ್ದನ್ನ ಸೀಕ್ವೆನ್ಸ್ ಮಾಡ್ತೀಯಮ್ಮ, ಅಷ್ಟೇ" ಎಂದು ಎರಡು ವರ್ಷದ ಹಿಂದೆ ನಮ್ಮ ವಿಭಾಗದ ಹಿರಿಯರೊಬ್ಬರು ಹೇಳಿದ್ದರು. ಈಗ ಅವರ ವಿದ್ಯಾರ್ಥಿಯೇ ನನ್ನ ಹತ್ತಿರ ಟ್ಯೂಬ್ ಕೇಳಿಕೊಂಡು ಬಂದಿದ್ದಾನೆ. ಇನ್ನೂ ಇಬ್ಬರು ವಿಧಾನ ಕೇಳಿದರು. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು. ಬ್ಯಾಕ್ಟೀರಿಯಾದ ಗುರುತು ಹೇಳುವ 16ಎಸ್ ಜೀನ್ ಏನು, ಕರುಳಿನ ಬ್ಯಾಕ್ಟೀರಿಯಾ ಯಾಕೆ ಮುಖ್ಯ ಅನ್ನುವುದನ್ನೆಲ್ಲ ಬಿಡುತ್ತೇನೆ, ಈ ಕೆಲಸ ಮಾಡುವವರಿಗೆ ಅದು ಗೊತ್ತು.

ಮೊದಲ ಸಲ ಎಲ್ಲರಂತೆ ಥರ್ಮೋಕೋಲ್ ಡಬ್ಬ, ಜೆಲ್ ಪ್ಯಾಕ್ ಹಿಡಿದು ಹೊರಟೆ. ವೈಟ್‌ಫೀಲ್ಡ್, ಪೀಣ್ಯ, ಕಲಾಸಿಪಾಳ್ಯ, ಮಲ್ಲೇಶ್ವರ ಸೇರಿ 24 ಜನ. ಜನ ಬೆಳಿಗ್ಗೆ ಆರಕ್ಕೆ ಕೊಟ್ಟದ್ದು ನನ್ನ ಕೈಗೆ ಬರುವಾಗ ಒಂಬತ್ತು, ಲ್ಯಾಬ್ ಮುಟ್ಟುವಾಗ ಹನ್ನೊಂದೂವರೆ. ನಮ್ಮದು ಸಣ್ಣ ಕಾಲೇಜು. ಮೈನಸ್ 80 ಡಿಗ್ರಿಯ ಫ್ರೀಜರ್ ಇಲ್ಲ, ಇರುವುದು ಒಂದು ಮೈನಸ್ 20, ಅದಕ್ಕೂ ಭಾನುವಾರ ಕರೆಂಟ್ ಹೋದರೆ ಜನರೇಟರ್ ಹಾಕುವವರಿಲ್ಲ. ಫಲಿತಾಂಶ ಬಂದಾಗ ದೂರದ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಶೆರಿಕಿಯಾ (ಇ. ಕೋಲಿ ಸೇರಿರುವ ಬ್ಯಾಕ್ಟೀರಿಯಾ ಗುಂಪು). ಚೆನ್ನಾಗಿ ಊಟ ಮಾಡಿ ಓಡಾಡಿಕೊಂಡಿರುವ ಮನುಷ್ಯನ ಹೊಟ್ಟೆಯಲ್ಲಿ ಅಷ್ಟು ಇರುವುದಿಲ್ಲ, ದಾರಿಯಲ್ಲಿ ಬೆಳೆದುಕೊಂಡಿತ್ತು. ಮಲ್ಲೇಶ್ವರದವರು ಮಾತ್ರ ಆರೋಗ್ಯವಂತರಂತೆ ಕಂಡರು, ಯಾಕೆಂದರೆ ಲ್ಯಾಬ್ ಅವರ ಮನೆಗೆ ಹತ್ತು ನಿಮಿಷ. ನಾನು ಕರುಳಿನ ನಕ್ಷೆ ಬಿಡಿಸಲು ಹೋಗಿ ಟ್ರಾಫಿಕ್ಕಿನ ನಕ್ಷೆ ಬಿಡಿಸಿದ್ದೆ. ಸುಮಾರು 70 ಸಾವಿರ ರೂಪಾಯಿ ಹೋಯಿತು.

ಅವತ್ತಿನಿಂದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಐಸ್ ನಂಬಿಕೊಂಡರೆ ಫ್ರೀಜರ್ ಹತ್ತಿರ ಇರುವವರಷ್ಟೇ 'ನಗರವಾಸಿಗಳು' ಆಗುತ್ತಾರೆ. ಶೆಡ್ಡಿನಲ್ಲಿ ಇರುವ ಕಟ್ಟಡ ಕೆಲಸದವರು, ನಸುಕಿಗೇ ಕಸ ಗುಡಿಸಲು ಹೊರಡುವ ಪೌರಕಾರ್ಮಿಕರು, ಹತ್ತು ಮನೆಗೆ ಒಂದೇ ಪಾಯಿಖಾನೆ ಇರುವ ವಠಾರದವರು ಲೆಕ್ಕದಿಂದ ಬಿದ್ದೇ ಹೋಗುತ್ತಾರೆ. ಅವರಿಲ್ಲದ ಬೆಂಗಳೂರು ಬೆಂಗಳೂರೇ ಅಲ್ಲ.

ಎರಡನೇ ಸಲ ಐಸ್ ಬಿಟ್ಟು, ದಾರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಆಲ್ಕೋಹಾಲ್‌ಗೆ ಬಂದೆ. ಆಬ್ಸಲ್ಯೂಟ್ ಎಥನಾಲ್‌ಗೆ (ನೀರು ಬೆರೆಸದ ಆಲ್ಕೋಹಾಲ್) ಅಬಕಾರಿ ಪರವಾನಗಿ ಬೇಕು, ನಮ್ಮ ಕಾಲೇಜಿನದು ಅವಧಿ ಮುಗಿದು ಕೂತಿತ್ತು. ಕಾಯುವ ತಾಳ್ಮೆ ಇಲ್ಲದೆ 70 ಪರ್ಸೆಂಟಿನದನ್ನೇ ತುಂಬಿಸಿ 30 ಟ್ಯೂಬ್ ಹಂಚಿದೆ. ದೊಡ್ಡ ತಪ್ಪು. ಅದು ಕೈ ತೊಳೆಯಲು ಸಾಕು, ಡಿಎನ್ಎ ಉಳಿಸಲು ಸಾಲದು. ಡಿಎನ್ಎ ಓಡಿಸಿ ನೋಡುವ ಜೆಲ್‌ನಲ್ಲಿ ಒಂದು ಗಟ್ಟಿ ಗೆರೆಯ (ಬ್ಯಾಂಡ್) ಬದಲು ಉದ್ದಕ್ಕೂ ಹರಡಿದ ಮಂಜು, ಅಂದರೆ ಡಿಎನ್ಎ ಚೂರುಚೂರು. ಎಥನಾಲ್ ಆದರೆ 95 ಪರ್ಸೆಂಟಿನದೇ ಬೇಕು. 2016ರಲ್ಲೇ ಸ್ಯಾಂಪಲ್ ಉಳಿಸುವ ವಿಧಾನಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ ಒಂದು ಪೇಪರ್ ಬಂದಿತ್ತು. 95ರಲ್ಲಿ ಎಂಟು ವಾರ ಹೊರಗಿಟ್ಟರೂ ನಿಲ್ಲುತ್ತದೆ, 70ರಲ್ಲಿ ನಿಲ್ಲುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ನಾನು ಅದನ್ನು ಓದಿದ್ದು 30 ಟ್ಯೂಬ್ ಕಳೆದುಕೊಂಡ ಮೇಲೆ.

ಪರವಾನಗಿ ನವೀಕರಣಕ್ಕೆ ನಾಲ್ಕು ತಿಂಗಳು ಹಿಡಿಯಿತು. 95 ಕೈಗೆ ಬಂದ ಮೇಲೂ ಅರ್ಧದಷ್ಟು ಸ್ಯಾಂಪಲ್ ಕೆಟ್ಟವು. ಯಾಕೆಂದು ತಿಳಿಯಲು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಜನ ಪಾಪ, ಕಡಿಮೆ ಆದೀತೆಂದು ಟ್ಯೂಬ್ ಅರ್ಧ ತುಂಬಿಸಿ ಕೊಡುತ್ತಿದ್ದರು. ಮಲದ ಮುಕ್ಕಾಲು ಭಾಗ ನೀರೇ, ಆ ನೀರು ಸೇರಿ 95 ಇದ್ದದ್ದು ಮತ್ತೆ 70ರ ಹತ್ತಿರ ಇಳಿಯುತ್ತಿತ್ತು. 'ಅರ್ಧ ಗ್ರಾಂ' ಅಂದರೆ ಯಾರಿಗೆ ಅರ್ಥವಾಗಬೇಕು? ಆಗ ಅವರೆಕಾಯಿ ಕಾಲ. ಒಬ್ಬ ಪೌರಕಾರ್ಮಿಕ ಅಕ್ಕ ಟ್ಯೂಬ್ ತಿರುಗಿಸಿ ನೋಡಿ, "ಒಂದು ಅವರೆಕಾಳಿನಷ್ಟು ಸಾಕಾ ಮೇಡಂ?" ಎಂದು ಕೇಳಿದರು. ಸಾಕು! ಅವತ್ತಿನಿಂದ ನನ್ನ ಸೂಚನಾ ಚೀಟಿಯಲ್ಲಿ ಗ್ರಾಂ ಇಲ್ಲ, ಅವರೆಕಾಳಿನ ಚಿತ್ರ ಇದೆ. ಮುಚ್ಚಳಕ್ಕೆ ಅಂಟಿದ ಚಮಚವನ್ನೂ ಕತ್ತರಿಸಿ ಅಷ್ಟೇ ಹಿಡಿಯುವಂತೆ ಮಾಡಿದೆ. ಆಮೇಲೆ ಕೆಟ್ಟದ್ದು ಕೈಬೆರಳೆಣಿಕೆ.

ಅನುಮಾನ ಪಡುವವರಿಗಾಗಿ ಒಂದು ಪರೀಕ್ಷೆ ಮಾಡಿದೆ. ಹನ್ನೆರಡು ಜನರ ಸ್ಯಾಂಪಲ್ ತಲಾ ಎರಡು ಪಾಲು. ಒಂದನ್ನು ಪರಿಚಯದ ಲ್ಯಾಬಿನ ಮೈನಸ್ 80ಕ್ಕೆ ಆಗಲೇ ಸೇರಿಸಿದೆ, ಇನ್ನೊಂದನ್ನು ಎಥನಾಲ್ ಟ್ಯೂಬಿನಲ್ಲಿ ನಮ್ಮ ಲ್ಯಾಬಿನ ಕಿಟಕಿ ಪಕ್ಕ ಏಪ್ರಿಲ್ ಬಿಸಿಲಲ್ಲಿ ಆರು ವಾರ ಇಟ್ಟೆ. ಸ್ಯಾಂಪಲ್‌ಗಳು ಹೋಲುವಷ್ಟೂ ಹತ್ತಿರ ಕೂರಿಸುವ ಪ್ಲಾಟ್ ತೆಗೆದಾಗ ಹನ್ನೊಂದು ಜೋಡಿ ಪಕ್ಕಪಕ್ಕ ಕೂತಿದ್ದವು. ಉಳಿದ ಒಂದರ ಮುಚ್ಚಳ ಸಡಿಲವಾಗಿತ್ತು. ಆ ಪ್ರಿಂಟ್ ಈಗಲೂ ನನ್ನ ಮೇಜಿನ ಮೇಲಿನ ಗೋಡೆಯಲ್ಲಿದೆ.

ಇನ್ನು ಎಕ್ಸ್‌ಟ್ರ್ಯಾಕ್ಷನ್, ಅಂದರೆ ಸ್ಯಾಂಪಲ್‌ನಿಂದ ಡಿಎನ್ಎ ಬೇರ್ಪಡಿಸುವುದು. ನನ್ನ ಹೆಚ್ಚು ದುಡ್ಡು, ಹೆಚ್ಚು ರಾತ್ರಿಗಳು ಹೋದದ್ದು ಇಲ್ಲೇ. ದಿನಾ ಮುದ್ದೆ ಉಣ್ಣುವವರ ಸ್ಯಾಂಪಲ್‌ನಲ್ಲಿ ಡಿಎನ್ಎ ಬರುತ್ತದೆ, ಆದರೆ ಅದನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಏಳುವುದಿಲ್ಲ. ನಾರು ಜಾಸ್ತಿ, ಜೊತೆಗೆ ಪಿಸಿಆರ್‌ಗೆ ಅಡ್ಡಿ ಮಾಡುವ ರಾಗಿ ಹೊಟ್ಟಿನ ಪಾಲಿಫಿನಾಲ್. ಕೊನೆಗೆ ಡಿಎನ್ಎ ಇಳಿಸಿಕೊಂಡ (ಎಲ್ಯೂಟ್) ಮೇಲೂ ತಿಳಿ ಚಹಾದ ಬಣ್ಣ, ಶುದ್ಧತೆ ಅಳೆಯುವ ನ್ಯಾನೋಡ್ರಾಪ್‌ ಯಂತ್ರದಲ್ಲಿ 260/230 ಅನುಪಾತ ಒಂದಕ್ಕಿಂತ ಕೆಳಗೆ, ಅಂದರೆ ಕಲ್ಮಶ ಜಾಸ್ತಿ. ಹತ್ತು ಪಟ್ಟು ತೆಳು ಮಾಡಿ ಬಿಎಸ್ಎ (ಅಡ್ಡಿ ಮಾಡುವ ವಸ್ತುಗಳನ್ನು ಹಿಡಿದುಕೊಳ್ಳುವ ಪ್ರೋಟೀನ್) ಹಾಕಿದರೆ ಸ್ವಲ್ಪ ಏಳುತ್ತದೆ, ಅದು ನಿಮಗೆಲ್ಲ ಗೊತ್ತಿರುವುದೇ. ನನಗೆ ಪೂರ್ತಿ ಕೆಲಸ ಕೊಟ್ಟದ್ದು ಎಥನಾಲ್ ತೆಗೆದ ಮೇಲೆ, ಕೋಶ ಒಡೆಯುವ ಸಣ್ಣ ಮಣಿ ಹಾಕುವ ಮೊದಲು ಮಾಡುವ ಎರಡು ವಾಶ್. ಆ ಬಫರಿನಲ್ಲಿ ಏನು ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇಟ್ಟುಕೊಳ್ಳುತ್ತೇನೆ, ನನ್ನ ವಿದ್ಯಾರ್ಥಿನಿ ಅದರ ಮೇಲೆ ಬರೆಯುತ್ತಿದ್ದಾಳೆ. ಒಂದು ಮಾತು ಮಾತ್ರ ಹೇಳಬಲ್ಲೆ: ಎಥನಾಲನ್ನು ಸುಮ್ಮನೆ ಚೆಲ್ಲಬೇಡಿ, ಮೊದಲು ಜೋರಾಗಿ ಸ್ಪಿನ್ ಮಾಡಿ. ಒಡೆದ ಕೋಶಗಳ ಡಿಎನ್ಎ ಅದರಲ್ಲೇ ಕೂತಿರುತ್ತದೆ.

ಆ ಮಣಿಗಳಿಂದ ಕೋಶಗಳನ್ನು ಕುಟ್ಟುವ ಬೀಡ್ ಬೀಟರ್ ಯಂತ್ರಕ್ಕೆ ಕೊಟೇಶನ್ ತರಿಸಿದರೆ ನಾಲ್ಕು ಲಕ್ಷದ ಮೇಲೆ. ಪೀಣ್ಯದ ಒಂದು ಲೇತ್ ವರ್ಕ್‌ಶಾಪಿಗೆ ಹೋಗಿ, ಟ್ಯೂಬ್ ಅಲುಗಾಡಿಸುವ ನಮ್ಮ ಹಳೆಯ ವೋರ್ಟೆಕ್ಸ್ ಯಂತ್ರದ ಮೇಲೆ 12 ಟ್ಯೂಬ್ ಮಲಗಿ ಕೂರುವ ನೈಲಾನ್ ಡಿಸ್ಕ್ ಮಾಡಿಸಿದೆ. 2,200 ರೂಪಾಯಿ. ಮೊದಲನೆಯದು ಬ್ಯಾಲೆನ್ಸ್ ತಪ್ಪಿ ಹಾರಿತು, ಎರಡನೆಯದು ಇವತ್ತಿಗೂ ಓಡುತ್ತಿದೆ. 0.1 ಮತ್ತು 0.5 ಮಿಲಿಮೀಟರಿನ ಮಣಿ ಬೆರೆಸಿ ಹಾಕುತ್ತೇನೆ. ಒಂದು ನಿಮಿಷ ಓಡಿಸು, ಒಂದು ನಿಮಿಷ ತಣ್ಣಗಾಗಲು ಬಿಡು, ಹೀಗೆ ಹತ್ತು ಸುತ್ತು. ಕೆಲಸ ಸರಿಯಾಗಿದೆಯೇ ಎಂದು ನೋಡಲು ಝೈಮೋ ಕಂಪನಿಯ ಮಾಕ್ ಕಮ್ಯುನಿಟಿ (ಯಾವ ಸೂಕ್ಷ್ಮಜೀವಿ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಮಿಶ್ರಣ) ತರಿಸಿದೆ. ಅದರ ಎಂಟು ಬ್ಯಾಕ್ಟೀರಿಯಾಗಳಲ್ಲಿ ಐದು ಬಗೆಯವು 'ಗ್ರಾಂ-ಪಾಸಿಟಿವ್', ಅಂದರೆ ದಪ್ಪ ಗೋಡೆಯವು, ಸುಲಭವಾಗಿ ಒಡೆಯುವುದಿಲ್ಲ. ಮಣಿ ಇಲ್ಲದೆ ಮಾಡಿದಾಗ ಆ ಐದೂ ಕುಸಿದಿದ್ದವು, ಮಣಿ ಹಾಕಿದ ಮೇಲೆ ಎದ್ದು ಬಂದವು. ಆ ಸಣ್ಣ ಸೀಸೆಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಅದಿಲ್ಲದೆ ಯಾರೂ ನನ್ನ ಡಿಸ್ಕನ್ನು ನಂಬುತ್ತಿರಲಿಲ್ಲ. ಈಗ ಎಕ್ಸ್‌ಟ್ರ್ಯಾಕ್ಷನ್‌ಗೆ ಒಂದು ಸ್ಯಾಂಪಲ್‌ಗೆ 250 ರೂಪಾಯಿ ಬೀಳುತ್ತದೆ. ಕಿಟ್‌ನಲ್ಲಿ 800 ದಾಟುತ್ತಿತ್ತು.

ಪ್ರೈಮರ್ (ಪಿಸಿಆರ್ ಎಲ್ಲಿಂದ ನಕಲು ಮಾಡಬೇಕೆಂದು ತೋರಿಸುವ ಡಿಎನ್ಎ ತುಣುಕು) ಬಗ್ಗೆ ಚಿಕ್ಕದಾಗಿ: ಹಳೆಯ 27ಎಫ್ ಎಂಬ ಪ್ರೈಮರ್ ಮಾತ್ರ ಹಾಕಿದರೆ ಬೈಫಿಡೋಬ್ಯಾಕ್ಟೀರಿಯಂ ಎಂಬ ಕರುಳಿನ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುತ್ತದೆ. ನಾನು 16ಎಸ್ ಜೀನಿನ ವಿ4 ಎಂಬ ಭಾಗವನ್ನು ಓದುವ ಪ್ರೈಮರ್‌ಗೆ ಹೋದೆ. ಬ್ಲಾಂಕ್ (ಸ್ಯಾಂಪಲ್ ಹಾಕದೆ ಓಡಿಸುವ ಖಾಲಿ ಟ್ಯೂಬ್) ಇಲ್ಲದೆ ಒಂದು ಬ್ಯಾಚೂ ಓಡಿಸಬೇಡಿ. ನನ್ನ ಬ್ಲಾಂಕ್‌ನಲ್ಲಿ ರಾಲ್‌ಸ್ಟೋನಿಯಾ ಬಂತು, ಬ್ರಾಡಿರೈಝೋಬಿಯಂ ಬಂತು. ಎರಡೂ ನೀರು ಮತ್ತು ರೀಏಜೆಂಟಿನ ಕೊಡುಗೆ, ಯಾರ ಕರುಳಿನದೂ ಅಲ್ಲ.

ನಡುವೆ ಸ್ವಲ್ಪ ದಾರಿ ತಪ್ಪಿದ್ದೂ ಉಂಟು. ಒಂದು ಸೀಕ್ವೆನ್ಸಿಂಗ್ ರನ್‌ನಲ್ಲಿ ಎರಡು ಜಾಗ ಖಾಲಿ ಉಳಿದಾಗ ನಮ್ಮ ಮನೆಯ ಇಡ್ಲಿ ಹಿಟ್ಟನ್ನೂ ಹಾಕಿದೆ, ರಾತ್ರಿ ಹುದುಗಿದ್ದು ಒಂದು, ಫ್ರಿಜ್ಜಿನಲ್ಲಿ ನಾಲ್ಕು ದಿನ ಇದ್ದದ್ದು ಒಂದು. ಮೊದಲನೆಯದರಲ್ಲಿ ಲ್ಯುಕೋನೋಸ್ಟಾಕ್ ರಾಜ್ಯಭಾರ, ಎರಡನೆಯದರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಗುಂಪು ಮುಂದೆ ಬಂದಿತ್ತು. ಹಿಟ್ಟು ಹುಳಿಯಾಗುವುದನ್ನು ಹೆಸರು ಹಿಡಿದು ನೋಡಿದ ಖುಷಿಯೇ ಬೇರೆ. ನಾನೇ ಮೂರು ವಾರ ಎರಡು ಹೊತ್ತು ಮುದ್ದೆ ಉಂಡು ವಾರಕ್ಕೆರಡು ಟ್ಯೂಬ್ ತುಂಬಿಸಿದೆ. ಹೆಚ್ಚೇನೂ ಬದಲಾಗಲಿಲ್ಲ. ವರ್ಷಗಟ್ಟಲೆ ಉಂಡವರ ಕರುಳು ಮೂರು ವಾರಕ್ಕೆ ಬಾ ಅಂದರೆ ಬರುತ್ತದೆಯೇ.

ಯಾರನ್ನು ಸೇರಿಸಬೇಕು ಅನ್ನುವುದರಲ್ಲೂ ಒಂದು ತೊಡಕಿತ್ತು. ಹಿಂದಿನ ಮೂರು ತಿಂಗಳಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡವರನ್ನು ಬಿಡಬೇಕು. ಕೇಳಿದರೆ ಎಲ್ಲರೂ "ಇಲ್ಲ" ಅನ್ನುತ್ತಾರೆ, ಯಾಕೆಂದರೆ ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟದ್ದು ಯಾವುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಡಾಕ್ಟರ ಚೀಟಿ ಬೇಕಾದ ಔಷಧಿಗಳ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತದಲ್ಲ, ನಾನು "ಕೆಂಪು ಗೆರೆ ಇತ್ತಾ ಅಕ್ಕಾ, ಸ್ಟ್ರಿಪ್ ಇನ್ನೂ ಮನೇಲಿದೆಯಾ?" ಎಂದು ಕೇಳಲು ಶುರು ಮಾಡಿದೆ. ಹತ್ತರಲ್ಲಿ ಮೂರು ಜನ ಅಲ್ಲೇ ಹೊರಬಿದ್ದರು. ಒಪ್ಪಿಗೆ ಪತ್ರ ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ಇತ್ತು. ಎಥಿಕ್ಸ್ ಕಮಿಟಿಗೆ ಐದು ತಿಂಗಳು ಬೇಕಾಯಿತು, ಆ ಐದು ತಿಂಗಳ ಬಗ್ಗೆ ನನಗೆ ತಕರಾರಿಲ್ಲ. ಹೆಬ್ಬೆಟ್ಟು ಒತ್ತುವವರ ಪಕ್ಕದಲ್ಲಿ ಸಾಕ್ಷಿ ಬೇಕೆಂದು ಅವರು ಹಟ ಹಿಡಿದದ್ದು ಸರಿಯೇ.

ಏನು ಕಂಡಿತು? ಮುದ್ದೆ ಅಥವಾ ಜೋಳದ ರೊಟ್ಟಿ ದಿನದ ಊಟವಾಗಿರುವ ಮನೆಗಳಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮುಂದೆ, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬುದು ಹೆಚ್ಚು. ಇದು ನಿರೀಕ್ಷಿಸಿದ್ದೇ. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಹೋದ ಹ್ಮಾಂಗ್ ಮತ್ತು ಕರೆನ್ ಜನರಲ್ಲಿ ಇದೇ ತಿರುವನ್ನು, ಜೊತೆಗೆ ವೈವಿಧ್ಯ ಇಳಿಯುವುದನ್ನು, 2018ರಲ್ಲಿ ತೋರಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕಲಾಸಿಪಾಳ್ಯದ ಒಂದೇ ವಠಾರದ ಒಂಬತ್ತು ಜನರ ಕರುಳಿನ ಬ್ಯಾಕ್ಟೀರಿಯಾಗಳ ನಡುವಿನ ವ್ಯತ್ಯಾಸ ಅಪಾರ್ಟ್‌ಮೆಂಟಿನ ಇಪ್ಪತ್ತು ಜನರ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿತ್ತು. ರಾಯಚೂರಿನಿಂದ ಬಂದವರು, ಒಡಿಶಾದವರು, ಅಲ್ಲೇ ಹುಟ್ಟಿದವರು, ಎಲ್ಲರಿಗೂ ಒಂದೇ ನಲ್ಲಿ, ಒಲೆ ಬೇರೆ ಬೇರೆ. 111 ಜನರಿಂದ ಊರಿನ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಐಸ್ ಡಬ್ಬ ಹಿಡಿದು ಹೋಗಿದ್ದರೆ ಆ ವಠಾರದ ಒಂಬತ್ತೂ ಎಶೆರಿಕಿಯಾ ಆಗಿ ಕಸದ ಬುಟ್ಟಿ ಸೇರುತ್ತಿದ್ದವು.

ಒಟ್ಟು ಖರ್ಚು ಆರು ಲಕ್ಷದ ಆಸುಪಾಸು. ಅದರಲ್ಲಿ ಎರಡು ಲಕ್ಷ ತಪ್ಪುಗಳಿಗೇ ಹೋಯಿತು, 80 ಸಾವಿರ ನನ್ನ ಕೈಯಿಂದ. ಈಗ ಬೀರುವಿನಲ್ಲಿ ಮಾಗಡಿ ರಸ್ತೆಯ 22 ಟ್ಯೂಬ್‌ಗಳು ಇವೆ, ಮೊನ್ನೆಗೆ ಐದು ವಾರವಾಯಿತು. ಮುಂದಿನ ರನ್‌ಗೆ ಇನ್ನೂ 26 ಸೇರಿದರೆ ದರ ಇಳಿಯುತ್ತದೆ. ಪಶ್ಚಿಮ ಬೆಂಗಳೂರಿನಲ್ಲಿ ಕೆಲಸ ಮಾಡುವವರು ಯಾರಾದರೂ ಕೈಜೋಡಿಸಿದರೆ ಟ್ಯೂಬ್, ಅವರೆಕಾಳಿನ ಚೀಟಿ ಎರಡೂ ನಾನೇ ಕೊಡುತ್ತೇನೆ.